ಏಕಲೇಪ ಕುಂಚ ಮೀಮಾಂಸೆ

ಕುಂಚದ ಬಗ್ಗೆ ಬರಹಕ್ಕೇನೂ ಬರವಿಲ್ಲ. ಆದರೆ ಕಲಾಚರಿತ್ರೆಕಾರರೆಲ್ಲ ಚಿತ್ರವನ್ನು ನೋಡುತ್ತ ನಿಂತರೇ ಹೊರತು, ಚಿತ್ರ ಮುಗಿದ ಮೇಲೆ ಕುಂಚ ತೊಳೆದವರು ಯಾರು ಎಂದು ವಿಚಾರಿಸುವ ಸೌಜನ್ಯ ತೋರಲಿಲ್ಲ. ಈ ಪ್ರಶ್ನೆಯನ್ನು ಎತ್ತಿಕೊಳ್ಳುವ ಭಾರ ಕೊನೆಗೆ ಅಮೆರಿಕದ ಮಹಾಸರೋವರಗಳ ಸೀಮೆಯಲ್ಲಿ, ಚಳಿಗಾಲವಿಡೀ ನೆಲಮಾಳಿಗೆಯಲ್ಲಿ ಕೂತು ಮರದ ಮೀನು ಕೆತ್ತುವ ಗಾಳಗಾರರ ಹೆಗಲಿಗೆ ಬಿತ್ತು. ಅವರ ಉತ್ತರ ಸರಳ: ಯಾರೂ ತೊಳೆಯಬೇಕಾಗಿಲ್ಲ, ಎಸೆಯಿರಿ. ಈ ಉತ್ತರದ ತಾತ್ವಿಕ ತೊಡಕುಗಳನ್ನು ಬಿಡಿಸುವುದು, ಸಾಧ್ಯವಾದರೆ ಇನ್ನಷ್ಟು ಸಿಕ್ಕಾಗಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಮೊದಲು ಚಾರಿತ್ರಿಕ ಹಿನ್ನೆಲೆ. ಎರೆಹುಳವನ್ನೋ ಹಿಟ್ಟಿನುಂಡೆಯನ್ನೋ ಗಾಳಕ್ಕೆ ಸಿಕ್ಕಿಸುವುದು ಪ್ರಾಚೀನ ಮಾರ್ಗ. ಮರವನ್ನೇ ಮೀನಿನಾಕಾರಕ್ಕೆ ಕೆತ್ತಿ, ಬಣ್ಣ ಬಳಿದು, ಕಣ್ಣಿಟ್ಟು, ಹೊಟ್ಟೆಯಡಿ ಮುಕ್ಕೊಕ್ಕೆ ತೂಗಿಸಿ ದೊಡ್ಡ ಮೀನಿಗೆ ಟೋಪಿ ಹಾಕುವುದು ನವ್ಯ ಮಾರ್ಗ. ಈ ಮರದ ಮೀನಿಗೆ ಲೂರ್ ಎಂದು ಹೆಸರು. ಮಿಷಿಗನ್ನಿನ ಡೊವಾಜ್ಯಾಕ್ ಊರಿನ ಜೇಮ್ಸ್ ಹೆಡನ್ ಎಂಬ ಜೇನುಸಾಕಣೆಗಾರ ಕೊಳದ ದಂಡೆಯಲ್ಲಿ ಸುಮ್ಮನೆ ಕೆತ್ತುತ್ತಿದ್ದ ಕಡ್ಡಿಯನ್ನು ನೀರಿಗೆಸೆದನಂತೆ, ಬಾಸ್ ಮೀನೊಂದು ಅದರ ಮೇಲೆ ಎರಗಿತಂತೆ. ಅವನ ಹೆಸರಿನಲ್ಲಿ ಮುಂದೆ ದೊಡ್ಡ ಉದ್ಯಮವೇ ಬೆಳೆಯಿತು. ಫಿನ್ಲೆಂಡಿನ ಲೌರಿ ರಾಪಾಲಾ 1936ರಲ್ಲಿ ಬೆಂಡಿನ ಮೀನು ಕೆತ್ತಿ, ಚಾಕೊಲೇಟಿನ ಬೇಗಡೆ ಸುತ್ತಿ, ಫೋಟೊ ನೆಗೆಟಿವ್‌ಗಳನ್ನು ಕರಗಿಸಿ ಮೇಲುಹೊದಿಕೆ ಕೊಟ್ಟ. ಇವರು ಕೆತ್ತಲು ಕೂತಾಗ, ಕುಂಚ ಎಸೆಯುವ ಪ್ರಶ್ನೆಗೇ ಮೂಲವಾದ ಎಪಾಕ್ಸಿ ಎಂಬ ಲೇಪ ಮಾರುಕಟ್ಟೆಗೇ ಬಂದಿರಲಿಲ್ಲವಾದ್ದರಿಂದ ನಮ್ಮ ಚರ್ಚೆಗೆ ಇಬ್ಬರೂ ಅಪ್ರಸ್ತುತರು. ಆದರೂ ಸಂಶೋಧನಾ ಪ್ರಬಂಧವೆಂದ ಮೇಲೆ ಇಂಥದೊಂದು ಪ್ಯಾರಾ ಇರಲೇಬೇಕು.

ಎಪಾಕ್ಸಿ ಬಂದದ್ದು 1946ರಲ್ಲಿ. ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿ ಅದನ್ನು ಅರಾಲ್ಡೈಟ್ ಎಂದು ಕರೆಯಿತು. ಕಪ್ಪಿನ ಹಿಡಿ ಮುರಿದುಕೊಂಡ ಕನ್ನಡ ಮನೆಗಳಿಗೆ ಆ ಎರಡು ಟ್ಯೂಬುಗಳ ಪರಿಚಯ ಹೇಳಬೇಕಾಗಿಲ್ಲ. ರೆಸಿನ್ ಒಂದರಲ್ಲಿ, ಹಾರ್ಡನರ್ ಇನ್ನೊಂದರಲ್ಲಿ. ಬೇರೆ ಬೇರೆ ಇದ್ದಷ್ಟು ದಿನ ಎರಡೂ ಸಾಧು. ಕೂಡಿದರೆ ಬಿಸಿಯೇರಿ ಕಲ್ಲಾಗುತ್ತವೆ. ಮಾಮೂಲಿ ಪೇಂಟು ಒಣಗುವುದು ಥಿನ್ನರ್ ಆವಿಯಾಗಿ. ಎಪಾಕ್ಸಿ ಒಣಗುವುದೇ ಇಲ್ಲ, ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಬಿಗಿಯುತ್ತವೆ, ಮತ್ತೆ ಬಿಡಿಸಲು ಬರುವುದಿಲ್ಲ. ಮೇಲುಹೊದಿಕೆಯಾಗಿ ಬಳಿದರೆ ಮರದ ಮೀನಿಗೆ ಇದು ವರ, ಏಕೆಂದರೆ ಎದುರಾಳಿ ಮಸ್ಕಿ ಎಂಬ ದೊಡ್ಡ ಮೀನು: ಬಾಯಿ ತುಂಬ ಹಲ್ಲು, ಹತ್ತು ಸಾವಿರ ಎಸೆತಕ್ಕೊಂದು ಸಿಕ್ಕೀತೆಂಬ ಖ್ಯಾತಿ. (1915ರಲ್ಲಿ ಅಶೋಕನ ಶಾಸನ ಸಿಕ್ಕ ರಾಯಚೂರು ಜಿಲ್ಲೆಯ ಮಸ್ಕಿಗೂ ಈ ಮೀನಿಗೂ ನಂಟು ಕಲ್ಪಿಸುವ ಆಸೆಯನ್ನು ಲೇಖಕ ಬಹಳ ಕಷ್ಟದಿಂದ ಹತ್ತಿಕ್ಕಿದ್ದಾನೆ.) ಆ ಹಲ್ಲು ಬಣ್ಣ ಸೀಳಿ ಒಳಗೆ ನೀರು ಬಿಟ್ಟರೆ ಮರ ಉಬ್ಬಿ ಲೂರು ಬಿರಿಯಿತೆಂದೇ ಲೆಕ್ಕ.

ಮೀನಿಗೆ ವರವಾದದ್ದು ಬ್ರಶ್ಶಿಗೆ ಶಾಪ. ಇಲ್ಲಿ ಪೂರ್ವಪಕ್ಷದವರು, ಎಪಾಕ್ಸಿ ಬಿಗಿಯುವ ಮೊದಲೇ ಅಸಿಟೋನಿನಲ್ಲಿ ತೊಳೆದರಾಯಿತಲ್ಲ ಎನ್ನುತ್ತಾರೆ. ಆಗದು. ಕೂದಲ ಬುಡದಲ್ಲಿ ಅಡಗಿದ ಒಂದು ಹನಿ ಸಾಕು, ಬೆಳಗಾಗುವಷ್ಟರಲ್ಲಿ ಅದರಿಂದ ತೆಂಗಿನಕಾಯಿ ಒಡೆಯಬಹುದು. ಮೇಲಾಗಿ ತೊಳೆಯಲು ಸುರಿದ ಅಸಿಟೋನಿನ ಬೆಲೆಗೆ ಇನ್ನೊಂದು ಬ್ರಶ್ಶೇ ಬರುತ್ತದೆ. ಆದ್ದರಿಂದ ಮೂಲಸೂತ್ರ: ಒಂದು ಲೇಪ, ಒಂದು ಕುಂಚ, ಒಂದು ಕಸದಬುಟ್ಟಿ.

ಎಂಥ ಕುಂಚ ಎಂಬಲ್ಲಿ ಪಂಥಭೇದವಿದೆ. ಪ್ಲಂಬರುಗಳು ಬೆಸುಗೆಗೆ ಮುಂಚೆ ಫ್ಲಕ್ಸ್ ಹಚ್ಚುವ ತಗಡು ಹಿಡಿಯ ಬ್ರಶ್ಶು ಒಂದು ಮತ. ಅದು ಅಗ್ಗವೇನೋ ಹೌದು, ಲೇಪಕ್ಕಿಂತ ಹೆಚ್ಚು ಕೂದಲನ್ನೇ ಹಚ್ಚುತ್ತದೆ. ಸ್ಪಂಜಿನವರು ಗುಳ್ಳೆಗಳ ಜೊತೆ ಹೋರಾಡುತ್ತಲೇ ಇದ್ದಾರೆ. ಬೆರಳೇ ಸಾಕೆನ್ನುವ ಅವಧೂತ ಪಂಥವೂ ಒಂದಿದೆ. ಎಪಾಕ್ಸಿಯ ಅಲರ್ಜಿ ಒಮ್ಮೆ ಚರ್ಮಕ್ಕೆ ಹತ್ತಿದರೆ ಸಾಮಾನ್ಯವಾಗಿ ಬಿಟ್ಟುಹೋಗುವುದಿಲ್ಲವಾದ್ದರಿಂದ ಅದರ ಅನುಯಾಯಿಗಳು ಕಡಿಮೆ.

ಸಿದ್ಧಾಂತಪಕ್ಷ ಹೀಗಿದೆ. ಹಾರ್ಡ್‌ವೇರ್ ಅಂಗಡಿಯ ಅತಿ ಅಗ್ಗದ, ಬಿಳಿ ಹಂದಿಕೂದಲಿನ ಎರಡಿಂಚು ಬ್ರಶ್ಶನ್ನು ತಂದು, ಅಂಗೈಗೆ ಬಡಿದು, ಉದುರುವ ಕೂದಲನ್ನು ಮೊದಲೇ ಉದುರಿಸಬೇಕು. ತಗಡಿನ ಪಟ್ಟಿಯ ಅಂಚಿಗೆ ಕತ್ತರಿಸಿ, ಬೆಂಕಿಕಡ್ಡಿ ದಪ್ಪದ ಕುಚ್ಚುಗಳಾಗಿ ವಿಂಗಡಿಸಬೇಕು. ಕುಚ್ಚಿನ ಬುಡವನ್ನು ಸೂಪರ್ ಗ್ಲೂನಲ್ಲಿ ತೋಯಿಸಿ, ಕಾಫಿ ಕಲಕುವ ಸಣ್ಣ ಸ್ಟ್ರಾದ ಬಾಯಿಗೆ ತೂರಿಸಿ, ಇಕ್ಕಳದಿಂದ ಚಪ್ಪಟೆಯಾಗಿ ಒತ್ತಿ ಹಿಡಿದರೆ ಕುಂಚ ಸಿದ್ಧ. ಸೊಟ್ಟಗಿದೆಯೆಂದು ತುದಿಯನ್ನು ಕತ್ತರಿಸಿ ಸಮ ಮಾಡುವವನು ಕೆಟ್ಟ. ಹಂದಿಕೂದಲಿನ ತುದಿ ಹುಟ್ಟಿನಿಂದಲೇ ಸೀಳಿರುತ್ತದೆ. ಲೇಪವನ್ನು ಹಿಡಿದಿಟ್ಟು ನುಣ್ಣಗೆ ಬಿಡುವುದೇ ಆ ಸೀಳು. ಅದು ಹೋದರೆ ಮೀನಿನ ಮೈಮೇಲೆ ಗೀರುಗಳು ಉಳಿಯುತ್ತವೆ. ಒಂದು ಕೂದಲನ್ನು ನಡುವೆ ಕತ್ತರಿಸಿ ಎರಡು ಕುಂಚ ಮಾಡುವ ಜಿಪುಣರ ವಾದ ಇದೇ ಕಾರಣಕ್ಕೆ ಬಿದ್ದುಹೋಗುತ್ತದೆ, ಕೆಳಗಿನ ಅರ್ಧಕ್ಕೆ ತುದಿಯೇ ಇಲ್ಲ. ಹಂದಿಕೂದಲನ್ನು ಹಗುರಾಗಿ ಕಾಣುವವರು ತಿಳಿದಿರಲಿ: ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕ ವಿಮಾನಗಳು ಟಂಗ್‌ಸ್ಟನ್ ಅದಿರಿನ ಜೊತೆ ಇದನ್ನೂ ಚೀನಾದಿಂದ ಹಿಮಾಲಯದಾಚೆಗೆ ಹೊತ್ತು ಅಸ್ಸಾಮಿಗೆ ತರುತ್ತಿದ್ದವು.

ಶಾಸ್ತ್ರ ಮುಗ್ಗರಿಸುವುದು ಮಾತ್ರ ಇದಾದ ಮೇಲೆ. ಅಂಗಡಿಯ ಬ್ರಶ್ಶನ್ನು ಎಸೆಯಲು ಕೈ ಹಿಂಜರಿಯುವುದಿಲ್ಲ. ಸಂಜೆಯೆಲ್ಲ ಕೂತು, ಬೆರಳನ್ನೂ ಸ್ಟ್ರಾಕ್ಕೆ ಅಂಟಿಸಿಕೊಂಡು ಬಿಡಿಸಿಕೊಂಡು, ದಪ್ಪದ ಪ್ರಕಾರ ಬಿಸ್ಕತ್ ಡಬ್ಬಿಯಲ್ಲಿ ಜೋಡಿಸಿಟ್ಟವನಿಗೆ ಎಸೆಯುವ ಮಾತೆತ್ತಿದರೆ ಕರುಳು ಚುರ್ರೆನ್ನುತ್ತದೆ. ಒಂದು ಲೇಪ ಮುಗಿಸಿ ಕುಂಚವನ್ನು ಬೆಳಕಿಗೆ ಹಿಡಿದು ನೋಡುತ್ತಾನೆ, ಟಿಶ್ಯೂನಲ್ಲಿ ಒರೆಸುತ್ತಾನೆ, ಕೊನೆಗೆ ಪ್ಲಾಸ್ಟಿಕ್ ಸುತ್ತಿ ಫ್ರೀಜರಿಗೆ ಸೇರಿಸುತ್ತಾನೆ. ಚಳಿಯಲ್ಲಿ ಎಪಾಕ್ಸಿ ನಿಧಾನಕ್ಕೆ ಬಿಗಿಯುವುದರಿಂದ ಇದರಲ್ಲಿ ವಿಜ್ಞಾನವೂ ಇದೆ. ಬಟಾಣಿ ಪೊಟ್ಟಣದ ಪಕ್ಕದಲ್ಲಿ ಅದನ್ನು ಕಂಡ ಹೆಂಡತಿಗೆ ಆ ವಿಜ್ಞಾನವನ್ನು ಮನವರಿಕೆ ಮಾಡುವ ಪದ್ಧತಿಯನ್ನು ಯಾವ ಪಂಥವೂ ಇನ್ನೂ ರೂಪಿಸಿಲ್ಲ.

ಉಳಿದದ್ದು ಉದುರಿದ ಕೂದಲಿನ ಸಮಸ್ಯೆ. ಲೇಪದಲ್ಲಿ ಕೂದಲು ಸಿಕ್ಕಿದ್ದು ಕಂಡ ಕೂಡಲೇ ಸೂಜಿಯ ಮೊನೆಯಿಂದ ಎತ್ತಬೇಕು. ಎಪಾಕ್ಸಿ ನೂಲೆಳೆಯಲು ಶುರುವಾದ ಮೇಲೆ ಮುಟ್ಟಬಾರದು; ಮಾರನೆಯ ದಿನ ಉಪ್ಪುಕಾಗದದಲ್ಲಿ ಉಜ್ಜಿ ಎರಡನೆಯ ಲೇಪ ಕೊಡಬೇಕು. ಅದಕ್ಕೆ ಇನ್ನೊಂದು ಕುಂಚ ಬೇಕು. ಅದೂ ಕೂದಲುದುರಿಸಿದರೆ ಮೂರನೆಯದು. ಹಲ್ಲಿನ ಗುರುತು ಬಿದ್ದು, ಬಣ್ಣ ಕಿತ್ತು, ಲೇಪದ ನೆನಪೂ ಉಳಿಯದ ಹಳೇ ಲೂರಿಗೇ ಮಸ್ಕಿ ಹೆಚ್ಚಾಗಿ ಬಾಯಿ ಹಾಕುತ್ತದೆಂಬ ಮಾತು ದೋಣಿಗಳಲ್ಲಿ ಕೇಳಿಬರುವುದುಂಟು. ಶಾಸ್ತ್ರದ ವ್ಯಾಪ್ತಿಗೆ ಹೊರಗಿನ ಸಾಕ್ಷಿಯಾದ್ದರಿಂದ ಅದನ್ನಿಲ್ಲಿ ಪರಿಗಣಿಸಿಲ್ಲ.