ಡಾಕ್ಟರೇ, ಆ ಕೆಂಪು ಗುರುತನ್ನು ಬಿಟ್ಟುಕೊಡಿ

ಮಾನ್ಯ ವೈದ್ಯರೇ,

ನಿಮ್ಮ ಕಾರಿನ ಮುಂಗಾಜಿನ ಮೇಲೆ, ಕ್ಲಿನಿಕ್ಕಿನ ಬೋರ್ಡಿನ ಮೇಲೆ, ಕೆಲವೊಮ್ಮೆ ಔಷಧಿ ಬರೆದುಕೊಡುವ ಚೀಟಿಯ ಮೇಲೂ ಇರುವ ಕೆಂಪು ಪ್ಲಸ್ ಗುರುತಿನ ಬಗ್ಗೆ ಈ ಪತ್ರ. ಬಿಳಿಯ ಮೇಲೆ ಕೆಂಪು, ನಾಲ್ಕೂ ತೋಳು ಒಂದೇ ಅಳತೆ. ನೀವು ಒಬ್ಬರೇ ಎಂದಲ್ಲ. ಮೆಡಿಕಲ್ ಶಾಪಿನವರು, ನರ್ಸಿಂಗ್ ಹೋಮಿನವರು, ಲ್ಯಾಬಿನವರು, ಫಸ್ಟ್ ಏಡ್ ಬಾಕ್ಸ್ ಮಾಡುವವರು, ಖಾಸಗಿ ಆಂಬುಲೆನ್ಸ್ ಓಡಿಸುವವರು ಎಲ್ಲರೂ ಅದನ್ನು ಹಾಕಿಕೊಂಡಿದ್ದಾರೆ. ಆದರೂ ನಿಮಗೇ ಬರೆಯುತ್ತಿದ್ದೇನೆ. ಆ ಗುರುತು ಹುಟ್ಟಿದ್ದೇ ನಿಮ್ಮ ವೃತ್ತಿಯವರ ಜೀವ ಉಳಿಸಲು. ಅದರ ಅರ್ಥ ಸವೆದುಹೋದರೆ ಮೊದಲ ನಷ್ಟವೂ ನಿಮ್ಮವರಿಗೇ.

‘ಇಲ್ಲಿ ವೈದ್ಯರಿದ್ದಾರೆ’ ಎಂದು ರೋಗಿಗೆ ತಿಳಿಸುವುದು ಅದರ ಕೆಲಸವಲ್ಲ. ಕೈಯಲ್ಲಿ ಬಂದೂಕು ಹಿಡಿದವನು ದೂರದಿಂದ ಕಂಡು ಗುಂಡು ಹಾರಿಸದೆ ನಿಲ್ಲಲಿ ಎಂದು ಅದನ್ನು ರೂಪಿಸಿದರು.

1859ರ ಜೂನ್ 24ರಂದು ಉತ್ತರ ಇಟಲಿಯ ಸೋಲ್ಫೆರಿನೋ ಬಳಿ ಒಂದು ಕಡೆ ಫ್ರಾನ್ಸ್ ಮತ್ತು ಸಾರ್ಡಿನಿಯಾ, ಇನ್ನೊಂದು ಕಡೆ ಆಸ್ಟ್ರಿಯಾ ಇಡೀ ದಿನ ಕಾದಾಡಿದವು. ಸತ್ತವರು, ಗಾಯಗೊಂಡವರು ಎಲ್ಲ ಸೇರಿ ಸುಮಾರು 40,000. ಆ ಸಂಜೆ ಪಕ್ಕದ ಕಾಸ್ಟಿಲ್ಯೋನೆ ಪಟ್ಟಣಕ್ಕೆ ಬಂದಿಳಿದ ಆನ್ರಿ ಡ್ಯುನಾಂಟ್ ವೈದ್ಯನಲ್ಲ, ಸೈನಿಕನೂ ಅಲ್ಲ. ಜಿನೀವಾದ 31 ವರ್ಷದ ವ್ಯಾಪಾರಿ. ಅಲ್ಜೀರಿಯಾದಲ್ಲಿ ಹಿಟ್ಟಿನ ಗಿರಣಿ ನಡೆಸಲು ಅವನಿಗೆ ನೀರಿನ ಹಕ್ಕು ಬೇಕಿತ್ತು. ಆ ಅರ್ಜಿಯನ್ನು ಚಕ್ರವರ್ತಿ ಮೂರನೇ ನೆಪೋಲಿಯನ್ನನ ಕೈಗೇ ಕೊಡೋಣವೆಂದು ಸೈನ್ಯದ ಬೆನ್ನು ಹಿಡಿದು ಬಂದಿದ್ದ. ಕಂಡದ್ದು ಚರ್ಚಿನಲ್ಲಿ, ಬೀದಿಯಲ್ಲಿ, ಮನೆಗಳ ಅಂಗಳದಲ್ಲಿ ಸಾಲಾಗಿ ಬಿದ್ದ ಗಾಯಾಳುಗಳು. ಐದಾರು ಸಾವಿರ ಜನರ ಊರಿಗೆ ಸುಮಾರು 9,000 ಗಾಯಾಳುಗಳು ಬಂದು ತುಂಬಿದ್ದರು. ಫ್ರೆಂಚ್ ಸೈನ್ಯದಲ್ಲಿ ಸಾವಿರ ಕುದುರೆಗಳಿಗೆ ನಾಲ್ವರು ಪಶುವೈದ್ಯರಿದ್ದರೆ, ಸಾವಿರ ಸೈನಿಕರಿಗೆ ಒಬ್ಬನೇ ವೈದ್ಯನಿದ್ದ ಎಂದು ರೆಡ್ ಕ್ರಾಸ್ ಚರಿತ್ರೆ ಬರೆದವರು ದಾಖಲಿಸಿದ್ದಾರೆ.

ಡ್ಯುನಾಂಟ್ ಊರಿನ ಹೆಂಗಸರನ್ನು ಕೂಡಿಸಿಕೊಂಡು ನೀರು ಕುಡಿಸಿದ, ಗಾಯ ತೊಳೆದ, ಸಾಯುವವರು ಮನೆಯವರಿಗೆ ಹೇಳಿಕಳಿಸಿದ ಮಾತುಗಳನ್ನು ಬರೆದುಕೊಂಡ. ಗಾಡಿಯವನನ್ನು ಬ್ರೆಷಿಯಾ ನಗರಕ್ಕೆ ಕಳಿಸಿ ನಿಂಬೆಹಣ್ಣು, ಸಕ್ಕರೆ, ಅಂಗಿ, ಪಟ್ಟಿ ಬಟ್ಟೆ, ತಂಬಾಕು ತರಿಸಿದ. ಆ ಹೆಂಗಸರು ಫ್ರೆಂಚರು, ಆಸ್ಟ್ರಿಯನ್ನರು ಎಂದು ಭೇದ ಮಾಡಲಿಲ್ಲ. ಬಿದ್ದವರೆಲ್ಲ ಅಣ್ಣತಮ್ಮಂದಿರೇ ಎಂದುಕೊಂಡು ಕೆಲಸ ಮಾಡಿದರು. ರೆಡ್ ಕ್ರಾಸ್ ಆಮೇಲೆ ತನ್ನ ಮೂಲತತ್ತ್ವವೆಂದು ಬರೆದಿಟ್ಟುಕೊಂಡ ನಿಷ್ಪಕ್ಷಪಾತವನ್ನು ಕಾಸ್ಟಿಲ್ಯೋನೆಯ ಆ ಅನಾಮಿಕ ಹೆಂಗಸರು ಯಾವ ಕಾಗದವೂ ಇಲ್ಲದೆ ನಡೆಸಿ ತೋರಿಸಿದ್ದರು. ಈ ಚಳವಳಿಯ ಹುಟ್ಟಿನ ಗೌರವದಲ್ಲಿ ಅವರಿಗೆ ಸಲ್ಲಬೇಕಾದಷ್ಟು ಪಾಲು ಸಂದಿಲ್ಲ ಎಂದೇ ನನ್ನ ಭಾವನೆ.

ನೀವು ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಆಸ್ಟ್ರಿಯನ್ ಸೈನ್ಯದ ವೈದ್ಯರು ಫ್ರೆಂಚರ ಕೈಗೆ ಸೆರೆಸಿಕ್ಕಿದ್ದರು. ಗಾಯಾಳುಗಳು ನರಳುತ್ತಿದ್ದಾಗ ಚಿಕಿತ್ಸೆ ಬಲ್ಲ ಕೈಗಳು ಕಾವಲಿನಲ್ಲಿದ್ದವು, ಏಕೆಂದರೆ ಅಂದಿನ ಯುದ್ಧದ ಲೆಕ್ಕದಲ್ಲಿ ವೈದ್ಯನೂ ಶತ್ರುವೇ. ಅವರನ್ನು ಬಿಡಿಸಬೇಕೆಂದು ಡ್ಯುನಾಂಟ್ ಫ್ರೆಂಚ್ ಸೇನಾಪತಿಗಳನ್ನು ಕಂಡು ಬೇಡಿಕೊಂಡ. ಕೆಲವೇ ದಿನಗಳಲ್ಲಿ ಬಿಡುಗಡೆಯ ಆಜ್ಞೆಯೂ ಹೊರಟಿತು. ಗಾಯಾಳುವಿನ ಪಕ್ಕದಲ್ಲಿರುವ ವೈದ್ಯನನ್ನು ಯಾರೂ ಮುಟ್ಟಬಾರದು ಎಂಬ ನಿಯಮದ ಬೀಜ ಇಲ್ಲಿದೆ.

1862ರಲ್ಲಿ ಅವನು ಸ್ವಂತ ಖರ್ಚಿನಲ್ಲಿ ‘ಸೋಲ್ಫೆರಿನೋದ ನೆನಪು’ ಪುಸ್ತಕವನ್ನು 1,600 ಪ್ರತಿ ಅಚ್ಚು ಹಾಕಿಸಿ ಯೂರೋಪಿನ ದೊರೆಗಳಿಗೆ, ಮಂತ್ರಿಗಳಿಗೆ, ಸೇನಾಧಿಕಾರಿಗಳಿಗೆ ಹಂಚಿದ. 1863ರ ಫೆಬ್ರವರಿ 17ರಂದು ಜಿನೀವಾದಲ್ಲಿ ಐವರು ಒಂದು ಸಮಿತಿಯಾಗಿ ಕುಳಿತರು: ಡ್ಯುನಾಂಟ್, ವಕೀಲ ಗುಸ್ತಾವ್ ಮೊನಿಯೇ, ಜನರಲ್ ದ್ಯುಫೂರ್, ಮತ್ತೆ ನಿಮ್ಮವರಿಬ್ಬರು, ಡಾಕ್ಟರ್ ಲೂಯಿ ಆಪಿಯಾ ಮತ್ತು ಡಾಕ್ಟರ್ ತಿಯೊಡೋರ್ ಮೊನ್ವಾರ್. ಆ ಕಾಲದಲ್ಲಿ ಯುದ್ಧಭೂಮಿಯ ಆಸ್ಪತ್ರೆಗೆ ಆಸ್ಟ್ರಿಯಾ ಬಿಳಿ ಬಾವುಟ ಕಟ್ಟುತ್ತಿತ್ತು, ಫ್ರಾನ್ಸ್ ಕೆಂಪು, ಸ್ಪೇನ್ ಹಳದಿ. ತನ್ನ ಸೈನ್ಯದ ಬಣ್ಣ ಸೈನಿಕನಿಗೆ ಗೊತ್ತಿದ್ದರೆ ಹೆಚ್ಚು. ಎದುರಿನವರ ಬಣ್ಣ ಗೊತ್ತಿರುತ್ತಿರಲಿಲ್ಲ. ಹಾಗಾಗಿ ಎಲ್ಲರಿಗೂ ಒಂದೇ ಗುರುತು ಬೇಕಾಯಿತು. ದೂರದಿಂದ ಕಾಣಬೇಕು, ಕೈಗೆ ಸಿಕ್ಕ ಬಟ್ಟೆಯಲ್ಲೇ ಮಾಡುವಷ್ಟು ಸರಳವಾಗಿರಬೇಕು, ಬೇರೆ ಯಾವುದಕ್ಕೂ ಬಳಕೆಯಾಗಿರಬಾರದು. 1863ರ ಅಕ್ಟೋಬರ್ ಸಮ್ಮೇಳನ ಬಿಳಿ ತೋಳುಪಟ್ಟಿಯ ಮೇಲೆ ಕೆಂಪು ಕ್ರಾಸ್ ಎಂದು ನಿರ್ಧರಿಸಿತು. 1864ರ ಆಗಸ್ಟ್ 22ರಂದು 12 ದೇಶಗಳು ಹತ್ತು ಕಲಮುಗಳ ಮೊದಲ ಜಿನೀವಾ ಒಪ್ಪಂದಕ್ಕೆ ಸಹಿ ಹಾಕಿದವು. ಅಷ್ಟರೊಳಗೆ, ಅದೇ ವರ್ಷ ಡೆನ್ಮಾರ್ಕಿನ ಯುದ್ಧಕ್ಕೆ ಈ ತೋಳುಪಟ್ಟಿ ಕಟ್ಟಿಕೊಂಡು ಹೋಗಿಬಂದಿದ್ದ ಇಬ್ಬರಲ್ಲಿ ಒಬ್ಬರು ಇದೇ ಡಾಕ್ಟರ್ ಆಪಿಯಾ.

ವೈದ್ಯರನ್ನು, ಗಾಯಾಳುಗಳನ್ನು ಎರಡೂ ಕಡೆಯವರು ತಟಸ್ಥರೆಂದು ಒಪ್ಪಬೇಕು ಎಂಬ ಸಲಹೆಯನ್ನು ಡ್ಯುನಾಂಟ್ ಸಮಿತಿಯನ್ನು ಕೇಳದೆ ಬರ್ಲಿನ್ನಿನಲ್ಲಿ ಅಚ್ಚು ಹಾಕಿಸಿ ಹಂಚಿದ್ದ. ಆಗದ್ದನ್ನು ಕೇಳುತ್ತಿದ್ದೀಯ ಎಂದು ಮೊನಿಯೇ ಅಸಮಾಧಾನಪಟ್ಟ. ಆಗದ್ದು ಎನಿಸಿಕೊಂಡದ್ದೇ ಕೊನೆಗೆ ಒಪ್ಪಂದದ ಬೆನ್ನುಮೂಳೆಯಾಯಿತು. 1867ರಲ್ಲಿ ಡ್ಯುನಾಂಟ್ ದಿವಾಳಿಯಾದಾಗ ಸಮಿತಿಯಲ್ಲೂ ಸ್ಥಾನ ಉಳಿಯಲಿಲ್ಲ. ವರ್ಷಾನುಗಟ್ಟಲೆ ಬಡತನದಲ್ಲಿ ಅಲೆದು, ಕೊನೆಗಾಲದಲ್ಲಿ ಹೈಡನ್ ಎಂಬ ಹಳ್ಳಿಯ ಆಸ್ಪತ್ರೆಯಲ್ಲಿ ನೆಲೆ ನಿಂತ. 1895ರಲ್ಲಿ ಪತ್ರಕರ್ತನೊಬ್ಬ ಹುಡುಕಿ ಬರೆದ ಮೇಲೆ ಜಗತ್ತಿಗೆ ಮತ್ತೆ ನೆನಪಾಯಿತು. 1901ರಲ್ಲಿ ಮೊಟ್ಟಮೊದಲ ನೊಬೆಲ್ ಶಾಂತಿ ಪ್ರಶಸ್ತಿ ಫ್ರೆದೆರಿಕ್ ಪಾಸಿಯ ಜೊತೆ ಅವನಿಗೂ ಬಂತು.

ಗುರುತು ಎಲ್ಲರದಾಗಿರಲಿ ಎಂದು ಬಯಸಿದವರಿಗೆ ಅದು ಎಲ್ಲರಿಗೂ ಒಂದೇ ರೀತಿ ಕಾಣುವುದಿಲ್ಲ ಎಂದು ಬೇಗನೆ ಗೊತ್ತಾಯಿತು. 1876ರಲ್ಲಿ ಯುದ್ಧದಲ್ಲಿದ್ದ ಒಟ್ಟೋಮನ್ ಸಾಮ್ರಾಜ್ಯ ತನ್ನ ಸೈನಿಕರಿಗೆ ಕ್ರಾಸ್ ನೋವು ತರುತ್ತದೆಂದು ಹೇಳಿ ಕೆಂಪು ಅರ್ಧಚಂದ್ರವನ್ನು ಹಿಡಿಯಿತು. ಎದುರಿನವರ ಕ್ರಾಸನ್ನು ಗೌರವಿಸುತ್ತೇನೆಂದೂ ಮಾತು ಕೊಟ್ಟಿತು. ಸ್ವಿಟ್ಜರ್ಲೆಂಡಿನ ಗೌರವಾರ್ಥ ಅದರ ಬಾವುಟದ ಬಣ್ಣಗಳನ್ನು ಅದಲುಬದಲು ಮಾಡಿದ ಚಿಹ್ನೆ ಇದು ಎಂಬ ವಿವರಣೆ ಒಪ್ಪಂದದಲ್ಲಿ ಸೇರಿದ್ದು 1906ರಲ್ಲಿ. 1929ರಲ್ಲಿ ಅರ್ಧಚಂದ್ರಕ್ಕೂ ಪರ್ಷಿಯಾದ ಕೆಂಪು ಸಿಂಹ ಮತ್ತು ಸೂರ್ಯನಿಗೂ ಮಾನ್ಯತೆ ಸಿಕ್ಕಿತು. ಸಿಂಹ ಮತ್ತು ಸೂರ್ಯನನ್ನು ಇರಾನ್ 1980ರಲ್ಲಿ ಕೈಬಿಟ್ಟಿತು. ಇಸ್ರೇಲಿನ ಕೆಂಪು ನಕ್ಷತ್ರದ ಸಂಸ್ಥೆ ದಶಕಗಳ ಕಾಲ ಹೊರಗೇ ಉಳಿದಿತ್ತು. 2005ರಲ್ಲಿ ಯಾವ ಮತಕ್ಕೂ ಸೇರದ ಕೆಂಪು ಹರಳಿನ ಗುರುತು ಬಂದ ಮೇಲೆ 2006ರಲ್ಲಿ ಅದೂ ಪ್ಯಾಲೆಸ್ತೀನಿನ ರೆಡ್ ಕ್ರೆಸೆಂಟೂ ಒಟ್ಟಿಗೇ ಒಳಗೆ ಬಂದವು. ಆಕಾರ ಯಾವುದೇ ಆಗಲಿ, ನೋಡಿದವನಿಗೆ ಒಂದೇ ಅರ್ಥ ಹೊಳೆಯಬೇಕು ಎಂಬುದೊಂದಕ್ಕಾಗಿ ರಾಷ್ಟ್ರಗಳು ನೂರಕ್ಕೂ ಹೆಚ್ಚು ವರ್ಷ ಹೆಣಗಿವೆ. ನಮ್ಮ ಬೀದಿಗಳಲ್ಲಿ ಆ ಅರ್ಥವನ್ನೇ ನಾವು ಕೆಮ್ಮಿನ ಸಿರಪ್ಪಿನ ಜಾಹೀರಾತಿನ ಪಕ್ಕದಲ್ಲಿ ಕರಗಿಸುತ್ತಿದ್ದೇವೆ.

ಒಂದು ಸ್ಟಿಕ್ಕರಿನಿಂದ ಏನಾದೀತು ಎಂದು ನೀವು ಕೇಳಬಹುದು. ಅದಕ್ಕೇ ಇಥಿಯೋಪಿಯಾದ ಕಥೆ ಹೇಳುತ್ತೇನೆ.

1935ರ ಅಕ್ಟೋಬರಿನಲ್ಲಿ ಮುಸೊಲಿನಿಯ ಇಟಲಿ ಆ ದೇಶದ ಮೇಲೆ ದಂಡೆತ್ತಿ ಹೋಯಿತು. ಇಥಿಯೋಪಿಯಾದ ರೆಡ್ ಕ್ರಾಸ್ ಸಂಸ್ಥೆ ಆ ವರ್ಷವಷ್ಟೇ ಹುಟ್ಟಿತ್ತು. ಸೈನ್ಯಕ್ಕೆ ತಕ್ಕ ವೈದ್ಯಕೀಯ ವ್ಯವಸ್ಥೆಯೇ ಇರಲಿಲ್ಲ. ಸ್ವೀಡನ್, ನಾರ್ವೆ, ಬ್ರಿಟನ್ ಮುಂತಾದ ದೇಶಗಳ ರೆಡ್ ಕ್ರಾಸ್ ತಂಡಗಳು ಡೇರೆ ಆಸ್ಪತ್ರೆಗಳನ್ನು ತಂದವು. ಡಿಸೆಂಬರ್ 30ರಂದು ದಕ್ಷಿಣದ ಮೆಲ್ಕಾ ದಿದಾ ಎಂಬಲ್ಲಿ ಇಟಲಿಯ ವಿಮಾನಗಳು ಸ್ವೀಡನ್ನಿನ ಆಸ್ಪತ್ರೆಯ ಮೇಲೆಯೇ ಬಾಂಬು ಹಾಕಿದವು. ರೋಗಿಗಳು ಹಾಸಿಗೆಯಲ್ಲೇ ಸತ್ತರು, ತಂಡದ ಒಬ್ಬ ಸ್ವೀಡಿಷ್ ಸದಸ್ಯ ಪ್ರಾಣ ಬಿಟ್ಟ, ಮುಖ್ಯಸ್ಥ ಡಾಕ್ಟರ್ ಹೈಲಾಂಡರ್ ಗಾಯಗೊಂಡರು. ಸೆರೆಸಿಕ್ಕ ತಮ್ಮ ವೈಮಾನಿಕನನ್ನು ಕೊಂದದ್ದಕ್ಕೆ ಇದು ಪ್ರತೀಕಾರ ಎಂಬುದು ಇಟಲಿಯ ಒಂದು ಸಮರ್ಥನೆ. ಅದರ ಜೊತೆಗೇ ಇನ್ನೊಂದು ದೂರನ್ನು ಅದು ಯುದ್ಧದುದ್ದಕ್ಕೂ ಜಿನೀವಾಕ್ಕೆ ಬರೆಯುತ್ತಲೇ ಇತ್ತು: ಈ ದೇಶದಲ್ಲಿ ಕೆಂಪು ಕ್ರಾಸನ್ನು ಕಂಡಕಂಡಲ್ಲಿ ಹಾಕಿಕೊಂಡಿದ್ದಾರೆ, ಯಾವುದು ನಿಜವಾದ ಆಸ್ಪತ್ರೆ ಎಂದು ಹೇಗೆ ನಂಬುವುದು?

ಆಸ್ಪತ್ರೆಯ ಮೇಲೆ ಬಾಂಬು ಹಾಕಿದವನ ಬಾಯಲ್ಲಿ ಈ ಮಾತು ನೆಪವೇ. ಆದರೆ ಗುರುತು ಅಲ್ಲಲ್ಲಿ ಮನಸ್ಸಿಗೆ ಬಂದಂತೆ ಬಳಕೆಯಾಗಿದ್ದುದರಿಂದ ಆ ನೆಪಕ್ಕೆ ನಿಲ್ಲಲು ಒಂದಿಷ್ಟು ನೆಲ ಸಿಕ್ಕಿತು. ಹಾಕಿಕೊಂಡವರಲ್ಲಿ ಯಾರಿಗೂ ಕೆಟ್ಟ ಉದ್ದೇಶ ಇರಬೇಕಿಲ್ಲ. ಅವರ ಪೈಕಿ ಒಬ್ಬರೂ ಮೆಲ್ಕಾ ದಿದಾದ ಹೆಸರು ಕೇಳಿರಲಿಕ್ಕಿಲ್ಲ.

ಒಳ್ಳೆಯ ಉದ್ದೇಶವೂ ಗುರುತನ್ನು ಕೆಡಿಸಬಲ್ಲದು. 2008ರ ಜುಲೈ 2ರಂದು ಕೊಲಂಬಿಯಾದ ಸೈನ್ಯ ರಾಜಕಾರಣಿ ಇಂಗ್ರಿದ್ ಬೆತಾನ್ಕೂರ್ ಸಹಿತ 15 ಒತ್ತೆಯಾಳುಗಳನ್ನು ಬಂಡುಕೋರರಿಂದ ಒಂದು ಗುಂಡೂ ಹಾರಿಸದೆ ಬಿಡಿಸಿತು. ಪರಿಹಾರ ಸಂಸ್ಥೆಯವರ ವೇಷದಲ್ಲಿ ಹೋಗಿದ್ದ ತಂಡದಲ್ಲಿ ಒಬ್ಬ ರೆಡ್ ಕ್ರಾಸ್ ಗುರುತು ಧರಿಸಿದ್ದ. ಜಗತ್ತು ಸಂತೋಷಪಟ್ಟಿತು, ನಾನೂ ಪಟ್ಟೆ. ಆದರೆ ಅಧ್ಯಕ್ಷ ಉರಿಬೆ ಅದನ್ನು ಒಪ್ಪಿಕೊಂಡು ಕ್ಷಮೆ ಕೇಳಬೇಕಾಯಿತು, ಕೇಳಿದ್ದೂ ಸರಿಯೇ. ಮುಂದಿನ ಸಲ ಅದೇ ಕಾಡಿಗೆ ನಿಜವಾದ ರೆಡ್ ಕ್ರಾಸ್ ದಾದಿ ಹೋದಾಗ ಅಲ್ಲಿನ ಕಾವಲುಗಾರ ಅವಳನ್ನು ಯಾವ ಕಣ್ಣಿನಿಂದ ನೋಡಿಯಾನು?

ನಮ್ಮ ನೆಲದವರೂ ಈ ಗುರುತಿನ ನೆರಳಿನಲ್ಲಿ ಕೆಲಸ ಮಾಡಿದ್ದಾರೆ. ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧದಲ್ಲಿ ಗಾಂಧಿ ಕಟ್ಟಿದ ಭಾರತೀಯ ಆಂಬುಲೆನ್ಸ್ ದಳದಲ್ಲಿ ಸುಮಾರು 1,100 ಜನ ಇದ್ದರು. ಸ್ಪಿಯನ್ ಕಾಪ್ ಕಾಳಗದಲ್ಲಿ ಗುಂಡಿನ ದಾಳಿಯ ಎಲ್ಲೆಯೊಳಕ್ಕೇ ಹೋಗಿ ಡೋಲಿಗಳಲ್ಲಿ ಗಾಯಾಳುಗಳನ್ನು ಹೊತ್ತು ತಂದರು. ಭಾರತೀಯ ರೆಡ್ ಕ್ರಾಸ್ ಸೊಸೈಟಿ 1920ರ ಕಾಯಿದೆಯಿಂದ ಹುಟ್ಟಿತು. ಇಂದು ನಮ್ಮ ಶಾಲೆಗಳಲ್ಲಿ ಜೂನಿಯರ್ ರೆಡ್ ಕ್ರಾಸ್, ಕಾಲೇಜುಗಳಲ್ಲಿ ಯೂತ್ ರೆಡ್ ಕ್ರಾಸ್ ಘಟಕಗಳಿವೆ. ರಕ್ತದಾನ ಶಿಬಿರದ ಬ್ಯಾನರಿನಲ್ಲಿ ಆ ಮಕ್ಕಳು ಗುರುತನ್ನು ಹೆಮ್ಮೆಯಿಂದ ಬಿಡಿಸುತ್ತಾರೆ. ಅದೇ ಮಕ್ಕಳು ರಸ್ತೆಗಿಳಿದರೆ ಅದೇ ಗುರುತು ಮಾತ್ರೆ ಮಾರುವ ಅಂಗಡಿಯ ಮೇಲೂ ಕಾಣುತ್ತದೆ. ಅವರಿಗೆ ನಾವು ಯಾವ ಪಾಠ ಹೇಳೋಣ?

ಕಾನೂನು ಸ್ಪಷ್ಟವಾಗಿದೆ. 1960ರ ಜಿನೀವಾ ಒಪ್ಪಂದಗಳ ಕಾಯಿದೆಯ 12ನೇ ಕಲಮಿನ ಪ್ರಕಾರ ಕೇಂದ್ರ ಸರ್ಕಾರದ ಅನುಮತಿಯಿಲ್ಲದೆ ಯಾರೂ ಯಾವ ಉದ್ದೇಶಕ್ಕೂ ಈ ಗುರುತನ್ನು ಬಳಸುವಂತಿಲ್ಲ. 13ನೇ ಕಲಮು ದಂಡ ಹೇಳುತ್ತದೆ: 500 ರೂಪಾಯಿವರೆಗೆ, ಜೊತೆಗೆ ಗುರುತು ಹಾಕಿದ ಸರಕಿನ ಮುಟ್ಟುಗೋಲು. ಸೈನ್ಯದ ವೈದ್ಯಕೀಯ ದಳಕ್ಕೆ ಇದು ರಕ್ಷಣೆಯ ಗುರುತು. ರೆಡ್ ಕ್ರಾಸ್ ಸಂಸ್ಥೆ ಶಾಂತಿಕಾಲದಲ್ಲಿ ತನ್ನ ಹೆಸರಿನೊಂದಿಗೆ ಚಿಕ್ಕದಾಗಿ ಹಾಕಿಕೊಳ್ಳಬಹುದು. 1949ರ ಒಪ್ಪಂದ ಆಂಬುಲೆನ್ಸುಗಳಿಗೂ ಪುಕ್ಕಟೆ ಚಿಕಿತ್ಸೆ ನೀಡುವ ನೆರವು ಕೇಂದ್ರಗಳಿಗೂ ಒಂದು ವಿನಾಯಿತಿ ಕೊಟ್ಟಿದೆ, ಅದೂ ದೇಶದ ರೆಡ್ ಕ್ರಾಸ್ ಸಂಸ್ಥೆ ಸ್ಪಷ್ಟ ಒಪ್ಪಿಗೆ ಕೊಟ್ಟರೆ ಮಾತ್ರ. ಕನ್ಸಲ್ಟೇಷನ್ ಫೀಸು ತೆಗೆದುಕೊಳ್ಳುವ ಕ್ಲಿನಿಕ್ ಈ ಪಟ್ಟಿಯಲ್ಲಿ ಎಲ್ಲೂ ಬರುವುದಿಲ್ಲ.

ರಾತ್ರಿ ಹನ್ನೆರಡಕ್ಕೆ ಹೆರಿಗೆ ಕೇಸಿಗೆ ಓಡುವಾಗ ಪೊಲೀಸರು ತಡೆಯದಿರಲಿ ಎಂದು ಅಂಟಿಸಿಕೊಂಡಿದ್ದೇನೆ ಎಂದು ನಿಮ್ಮಲ್ಲಿ ಹಲವರು ಹೇಳುತ್ತೀರಿ. ಆ ಕಷ್ಟ ಸುಳ್ಳಲ್ಲ. ಆದರೆ ಅದಕ್ಕೆ ಗುರುತಿನ ಚೀಟಿ ಸಾಕು, ‘ಡಾಕ್ಟರ್’ ಎಂದು ದೊಡ್ಡ ಅಕ್ಷರದಲ್ಲಿ ಬರೆದ ಒಂದು ಫಲಕ ಸಾಕು. ಅಷ್ಟಕ್ಕೂ ವೈದ್ಯರಲ್ಲದವರ ಕಾರುಗಳಲ್ಲೂ ಅದೇ ಸ್ಟಿಕ್ಕರು ಇರುವಾಗ ಯಾವ ಪೊಲೀಸಿನವನು ಅದನ್ನು ನಂಬುತ್ತಾನೆ?

ನಿಮ್ಮಲ್ಲೇ ಇನ್ನು ಕೆಲವರು ಇದಕ್ಕಿಂತ ಗಟ್ಟಿಯಾದ ಪ್ರಶ್ನೆ ಕೇಳಬಹುದು: ನಿಜವಾದ ಯುದ್ಧದಲ್ಲೇ ಗುರುತಿಗೆ ಬೆಲೆ ಉಳಿದಿಲ್ಲವಲ್ಲ? 1996ರ ಡಿಸೆಂಬರಿನಲ್ಲಿ ಚೆಚೆನ್ಯಾದ ನೋವಿಯೆ ಅತಗಿ ಆಸ್ಪತ್ರೆಯಲ್ಲಿ ಆರು ರೆಡ್ ಕ್ರಾಸ್ ಸಿಬ್ಬಂದಿಯನ್ನು ನುಗ್ಗಿ ಕೊಂದರು. 2001ರ ಅಕ್ಟೋಬರಿನಲ್ಲಿ ಕಾಬೂಲಿನ ರೆಡ್ ಕ್ರಾಸ್ ಗೋದಾಮಿನ ಮೇಲೆ, ಚಾವಣಿಯ ಮೇಲೆ ಗುರುತಿದ್ದರೂ, ಅಮೆರಿಕದ ವಿಮಾನಗಳು ಒಂದೇ ತಿಂಗಳಲ್ಲಿ ಎರಡು ಬಾರಿ ಬಾಂಬು ಹಾಕಿದವು. 2025ರ ಮಾರ್ಚ್ 23ರಂದು ಗಾಜಾದ ರಫಾದಲ್ಲಿ ಇಸ್ರೇಲಿ ಸೈನಿಕರ ಗುಂಡಿಗೆ ಸತ್ತ 15 ಜನರಲ್ಲಿ ಎಂಟು ಮಂದಿ ಪ್ಯಾಲೆಸ್ತೀನ್ ರೆಡ್ ಕ್ರೆಸೆಂಟಿನವರು. ವಾಹನಗಳು ದೀಪವಿಲ್ಲದೆ ಸಂಶಯ ಬರುವಂತೆ ಬಂದವು ಎಂದು ಸೈನ್ಯ ಮೊದಲು ಹೇಳಿತು. ಸತ್ತ ಸಿಬ್ಬಂದಿಯೊಬ್ಬನ ಮೊಬೈಲಿನಲ್ಲಿ ಸಿಕ್ಕ ವಿಡಿಯೋದಲ್ಲಿ ದೀಪಗಳು ಉರಿಯುತ್ತಿದ್ದವು, ಆಂಬುಲೆನ್ಸಿನ ಗುರುತು ಕಾಣುತ್ತಿತ್ತು. ಸೈನ್ಯ ತನ್ನ ಮಾತನ್ನು ತಿದ್ದಿಕೊಳ್ಳಬೇಕಾಯಿತು.

ಗುರುತು ಆ ಎಂಟು ಜನರನ್ನು ಉಳಿಸಲಿಲ್ಲ. ಆದರೆ ಕೊಂದವರಿಗೆ ಅಡಗಿಕೊಳ್ಳಲು ಜಾಗವನ್ನೂ ಬಿಡಲಿಲ್ಲ. ಆ ಅರ್ಧಚಂದ್ರ ಔಷಧಿ ಅಂಗಡಿಯದೋ, ಯಾರದೋ ಖಾಸಗಿ ಕಾರಿನದೋ ಆಗಿರಬಹುದಾಗಿದ್ದರೆ ‘ನಮಗೆ ಗೊತ್ತಾಗಲಿಲ್ಲ’ ಎಂಬ ಮಾತಿಗೆ ಬೆಲೆ ಬರುತ್ತಿತ್ತು. ಗುರುತಿಗೆ ಒಂದೇ ಅರ್ಥ ಇರುವವರೆಗೆ ಆ ಮಾತಿಗೆ ಬೆಲೆಯಿಲ್ಲ. ಒಂದೇ ಅರ್ಥ ಉಳಿಯುವುದು ಶಾಂತಿಯಲ್ಲಿರುವ ಊರುಗಳು ಅದನ್ನು ಮುಟ್ಟದೆ ಬಿಟ್ಟಾಗ ಮಾತ್ರ. ನಮ್ಮ ದೇಶದ ಗಡಿಯಲ್ಲಿ ಸ್ಟ್ರೆಚರ್ ಹಿಡಿದ ಸೇನಾ ವೈದ್ಯರಿಗೂ ಈ ಮಾತು ಅಷ್ಟೇ ಅನ್ವಯ. ಅವರಲ್ಲಿ ನಿಮ್ಮ ಸಹಪಾಠಿಗಳೂ ಇರಬಹುದು.

ನಾನು ಕೇಳುವುದು ಇಷ್ಟು. ಕಾರಿನ ಸ್ಟಿಕ್ಕರನ್ನು ಇವತ್ತೇ ಕೆರೆದು ತೆಗೆಯಿರಿ. ಬೋರ್ಡಿಗೆ ಮುಂದಿನ ಸಲ ಬಣ್ಣ ಹೊಡೆಸುವಾಗ ಕೆಂಪು ಪ್ಲಸ್ ಬೇಡವೆನ್ನಿ. ಹಾವು ಸುತ್ತಿದ ಕೋಲು ನಿಮ್ಮ ವೃತ್ತಿಯ ಹಳೆಯ ಗುರುತು, ಅದನ್ನು ಹಾಕಿಸಿ. ಫಸ್ಟ್ ಏಡ್ ಬಾಕ್ಸಿಗೆ ಹಸಿರಿನ ಮೇಲೆ ಬಿಳಿ ಪ್ಲಸ್ ಇದೆ. ಮೆಡಿಕಲ್ ಶಾಪಿಗೆ ಹಸಿರು ಪ್ಲಸ್ ಹಲವು ದೇಶಗಳಲ್ಲಿ ರೂಢಿಯಲ್ಲಿದೆ. ನಿಮ್ಮ ವೈದ್ಯಕೀಯ ಸಂಘದ ಮುಂದಿನ ಸಭೆಯಲ್ಲಿ ಈ ವಿಷಯ ಎತ್ತಿ, ಊರಿನ ಮೆಡಿಕಲ್ ಶಾಪಿನವರನ್ನೂ ಆಂಬುಲೆನ್ಸ್ ಮಾಲೀಕರನ್ನೂ ಕರೆಯಿರಿ. ನಾವು ರೋಗಿಗಳು ಹೇಳಿದರೆ ಅವರು ಕೇಳಲಿಕ್ಕಿಲ್ಲ, ನೀವು ಹೇಳಿದರೆ ಕೇಳುತ್ತಾರೆ. ಸ್ಟಿಕ್ಕರ್ ಅಂಗಡಿಯವರಿಗೂ ಒಂದು ಮಾತು ಹೇಳಿಬಿಡಿ: ಕೆಂಪು ಖಾಲಿಯಾದ ಮೇಲೆ ಹೊಸದಾಗಿ ತರಿಸುವುದು ಬೇಡ.

ಇಂತಿ ತಮ್ಮ ವಿಶ್ವಾಸಿ,
ನಿಮ್ಮ ಕ್ಲಿನಿಕ್ಕಿಗೆ ಬರುವ ಒಬ್ಬ ರೋಗಿ