ಶಶಪ್ರಸೂತಿ ಮೀಮಾಂಸೆ: ಒಂದು ತಾತ್ವಿಕ, ಬಹುಶಿಸ್ತೀಯ ಹಾಗೂ ಅರ್ಧಕ್ಕೆ ನಿಂತ ಅಧ್ಯಯನ

1. ಪ್ರಸ್ತಾವನೆ, ವ್ಯಾಪ್ತಿ ಹಾಗೂ ಮಿತಿ

ಪ್ರಸ್ತುತ ಪ್ರಬಂಧವು ನಮ್ಮ ಮನೆಯ ಹಿತ್ತಿಲಲ್ಲಿ, ನೀರಿನ ತೊಟ್ಟಿಯ ಮಗ್ಗುಲಿಗೆ, ಟೊಮೆಟೊ ಕ್ರೇಟೊಂದರಲ್ಲಿ ಸಂಭವಿಸಿದ ಶಶಪ್ರಸೂತಿಯನ್ನು ಅದರ ಚಾರಿತ್ರಿಕ, ಸಾಂಸ್ಕೃತಿಕ ಹಾಗೂ ಪ್ರಾದೇಶಿಕ ಪರಿಪ್ರೇಕ್ಷ್ಯದಲ್ಲಿಟ್ಟು, ತಾಯ್ತನದ ಸಂಕಥನದೊಂದಿಗೆ ಮುಖಾಮುಖಿಯಾಗಿಸಿ, ಆ ಮೂಲಕ ಮರಿತನದ ತಾತ್ವಿಕ ಆಕೃತಿಯೊಂದನ್ನು ಕಟ್ಟಿಕೊಳ್ಳುವ ವಿನಮ್ರ ಪ್ರಯತ್ನವಾಗಿದೆ. ಈ ವಾಕ್ಯಕ್ಕೆ ಅರ್ಥವೇನು ಎಂದು ಕೇಳುವವರು ಸಂಶೋಧನಾ ಕ್ಷೇತ್ರಕ್ಕೆ ಹೊಸಬರು.

ವ್ಯಾಪ್ತಿ: ಒಂದು ತಾಯಿ, ಏಳು ಮರಿ, ದಾವಣಗೆರೆ, ಮಾರ್ಚ್ ತಿಂಗಳು. ಮಿತಿ: ಸಂಶೋಧಕನ ತಲೆ. ಆಕರಗಳು: ಮೊಲ ಮಾರಿದ ಅಂಗಡಿಯಾತ, ನನ್ನ ಮಾವ, ಎದುರುಮನೆಯವರು ಮತ್ತು ಐದನೇ ತರಗತಿ ಓದುವ ಮಗಳು. ಮಗಳು ಮೊದಲ ದಿನವೇ "ಅಪ್ಪಾ, ದನದ ಆಸ್ಪತ್ರೆಗೆ ಹೋಗೋಣ" ಎಂದಿದ್ದಳು. ಆಕೆಗೆ ಇನ್ನೂ ಡಾಕ್ಟರೇಟ್ ಆಗಿಲ್ಲವಾದ್ದರಿಂದ ಈ ಅಭಿಪ್ರಾಯವನ್ನು ಆಕರವೆಂದು ಪರಿಗಣಿಸಲಿಲ್ಲ.

ವಿಧಾನ: 'ತಾನು ಹಿಡಿದ ಮೊಲಕ್ಕೆ ಮೂರೇ ಕಾಲು' ಎಂಬ ನಾಣ್ಣುಡಿಯನ್ನು ಜನಸಾಮಾನ್ಯರು ಹಟಮಾರಿಗಳ ಲಕ್ಷಣವೆಂದು ತಪ್ಪಾಗಿ ತಿಳಿದಿದ್ದಾರೆ. ಅದು ವಾಸ್ತವವಾಗಿ ಸಂಶೋಧನಾ ವಿಧಾನ. ಶಾಸ್ತ್ರೀಯವಾಗಿ ಹೇಳುವುದಾದರೆ ತ್ರಿಪಾದ ಪದ್ಧತಿ. ಮೊದಲು ಕಾಲು ಮೂರೆಂದು ಪೂರ್ವಕಲ್ಪನೆ ಮಾಡಿಕೊಳ್ಳಬೇಕು. ಆಮೇಲೆ ಮೊಲ ಹಿಡಿಯಬೇಕು. ನಾಲ್ಕನೆಯದು ಕಣ್ಣಿಗೆ ಬಿದ್ದರೆ ಅಡಿಟಿಪ್ಪಣಿಗೆ ಸೇರಿಸಬೇಕು. ಕಾಲಿಗೆ ಅಡಿಟಿಪ್ಪಣಿಗಿಂತ ಯೋಗ್ಯವಾದ ಜಾಗ ಇನ್ನಾವುದಿದೆ?

2. ನಿರ್ವಚನ ಮತ್ತು ಪೂರ್ವಸೂರಿಗಳ ಸಮೀಕ್ಷೆ

'ಮೊಲ' ಶಬ್ದಕ್ಕೆ ಒಂದೇ ಒಂದು ಎಕಾರ ಸೇರಿಸಿದರೆ 'ಮೊಲೆ' ಆಗುತ್ತದೆ. ಆದ್ದರಿಂದ ಮೊಲವು ಮೂಲತಃ ಸ್ತನ್ಯಕೇಂದ್ರಿತ ಪ್ರಾಣಿಯೆಂದೂ, ಕನ್ನಡಿಗರು ಇದನ್ನು ಪ್ರಾಚೀನ ಕಾಲದಲ್ಲೇ ಕಂಡುಕೊಂಡಿದ್ದರೆಂದೂ ಸಿದ್ಧವಾಗುತ್ತದೆ. ಇಂಥ ನಿಷ್ಪತ್ತಿಗಳಿಗೆ ಶಾಲು ಹೊದಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಭಾರತೀಯ ತರ್ಕಶಾಸ್ತ್ರದಲ್ಲಿ ಮೊಲಕ್ಕೆ ದೊಡ್ಡ ಸ್ಥಾನವಿದೆ. ಎಂದೂ ಇರಲಾರದ ವಸ್ತುವಿಗೆ ನಿದರ್ಶನ ಬೇಕಾದಾಗಲೆಲ್ಲ ನಮ್ಮ ದಾರ್ಶನಿಕರು ಗಗನಕುಸುಮದ ಜೊತೆಗೆ ಶಶವಿಷಾಣವನ್ನು, ಅಂದರೆ ಮೊಲದ ಕೊಂಬನ್ನು, ತಂದು ನಿಲ್ಲಿಸಿದರು. ಅದು ಇಲ್ಲ ಎನ್ನುವುದಾದರೆ ಹೇಗೆ ಇಲ್ಲ ಎಂಬುದರ ಮೇಲೆ ತಲೆಮಾರುಗಟ್ಟಲೆ ವಾದ ನಡೆಯಿತು. ಮೊಲಕ್ಕೆ ಇಲ್ಲದ ಕೊಂಬಿನ ಬಗ್ಗೆ ಇಷ್ಟು ಬರೆದವರಲ್ಲಿ, ಅದಕ್ಕೆ ಇರುವ ಎಂಟು ಹತ್ತು ಮೊಲೆಗಳ ಬಗ್ಗೆ, ಅವುಗಳಿಂದ ಹಾಲು ಯಾವ ಹೊತ್ತಿಗೆ ಇಳಿಯುತ್ತದೆಂಬ ಬಗ್ಗೆ ಒಬ್ಬರೂ ಬರೆದದ್ದು ನನಗೆ ಸಿಗಲಿಲ್ಲ. ಮರಿ ಹುಟ್ಟಿದ ಸೋಮವಾರ ಬೆಳಿಗ್ಗೆ ನನಗೆ ಬೇಕಾಗಿದ್ದುದು ಅದೊಂದೇ.

ಎರಡನೆಯ ಪೂರ್ವಸೂರಿ ಹಂಪಿಯ ಐತಿಹ್ಯದ ಮೊಲ. ಹಕ್ಕ ಬುಕ್ಕರ ಬೇಟೆನಾಯಿಗಳನ್ನು ಅದು ತಿರುಗಿ ಅಟ್ಟಿಸಿಕೊಂಡು ಹೋಯಿತು, ಗಂಡುಮೆಟ್ಟಿನ ನೆಲವೆಂದು ಅಲ್ಲೇ ರಾಜಧಾನಿ ಕಟ್ಟಿದರು ಎಂಬ ಕಥೆ ಎಲ್ಲರಿಗೂ ಗೊತ್ತು. ಯಾರೂ ಹೇಳದ ಸಂಗತಿಯೆಂದರೆ ನಮ್ಮ ಕಾಡುಮೇಡಿನ ಆ ಮೊಲವೂ ಕ್ರೇಟಿನಲ್ಲಿದ್ದ ನಮ್ಮ ಬಿಳಿ ಮೊಲವೂ ಬೇರೆ ಬೇರೆ ಪ್ರಾಣಿಗಳು. ಕನ್ನಡದಲ್ಲಿ ಎರಡಕ್ಕೂ ಒಂದೇ ಹೆಸರು, ಅಷ್ಟೆ. ಕಾಡುಮೊಲದ ಮರಿ ಮೈತುಂಬ ಕೂದಲು ಹೊತ್ತು, ಕಣ್ಣು ಬಿಟ್ಟುಕೊಂಡೇ ಹುಟ್ಟುತ್ತದೆ. ಸಾಕುಮೊಲದ ಮೂಲ ಸ್ಪೇನು ಪೋರ್ಚುಗಲ್ಲುಗಳ ಕಡೆಯ ಬಿಲವಾಸಿ; ಅದರ ಮರಿ ಕೂದಲಿಲ್ಲದೆ, ಕಣ್ಣು ಕಿವಿ ಮುಚ್ಚಿಕೊಂಡು, ಸಿಪ್ಪೆ ಸುಲಿದ ಗೆಣಸಿನ ತುಂಡಿನಂತೆ ಬರುತ್ತದೆ. ಕಣ್ಣು ಬಿಡಲು ಹತ್ತು ಹನ್ನೆರಡು ದಿನ ಬೇಕು.

ಮಾವನವರು ಹಳ್ಳಿಯಲ್ಲಿ ಕಾಡುಮೊಲ ಕಂಡವರು. ಕ್ರೇಟಿಗೆ ಬಗ್ಗಿ ನೋಡಿ, "ಇವಕ್ಕೆ ದಿನ ತುಂಬಿಲ್ಲ ಅಳಿಯಂದ್ರೇ, ಉಳಿಯಲ್ಲ" ಎಂದರು. ಅವರು ಕಂಡದ್ದೂ ಸುಳ್ಳಲ್ಲ, ಅಂದದ್ದೂ ನಿಜವಲ್ಲ. ಒಂದು ಪದ ಎರಡು ಪ್ರಾಣಿಯನ್ನು ಹೊತ್ತರೆ ಹೀಗಾಗುತ್ತದೆ. ಇದು ಭಾಷಾವಿಜ್ಞಾನದ ಪ್ರಶ್ನೆಯೆಂದು ನಾನು ಅಂದು ಬಹಳ ಖುಷಿಪಟ್ಟು ಟಿಪ್ಪಣಿ ಮಾಡಿಕೊಂಡೆ. ಮರಿಗಳಿಗೆ ಆಗ ಹುಟ್ಟಿ ನಾಲ್ಕು ಗಂಟೆಯಾಗಿತ್ತು.

3. ಮಾತೃಶಶದ ಪಂಚವಿಧ ವರ್ಗೀಕರಣ

(ಅ) ರೋಮೋತ್ಪಾಟಿನಿ: ಹೆರಿಗೆಯ ಹೊತ್ತಿಗೆ ಎದೆ ಹೊಟ್ಟೆಗಳ ಕೂದಲನ್ನು ತಾನೇ ಕಿತ್ತು ಹುಲ್ಲಿನ ಮೇಲೆ ಹಾಸುವವಳು. ಇದರಿಂದ ಮರಿಗೆ ಬೆಚ್ಚನೆ ಹಾಸಿಗೆಯೂ ಆಗುತ್ತದೆ, ಮೊಲೆಗಳೂ ಬಾಯಿಗೆ ಸಿಗುವಂತಾಗುತ್ತವೆ. ಇದನ್ನು ಸ್ವಕಾಯವಿನಿಯೋಗದ ರಾಜಕಾರಣವೆಂದು ಕರೆಯಬಹುದು.

(ಆ) ಕಲ್ಪಿತೋದಾಸೀನಾ: ಮರಿ ಹಾಕಿ, ಮುಚ್ಚಿ, ಮತ್ತೊಂದು ಮೂಲೆಗೆ ಹೋಗಿ, ಇವು ಯಾರ ಮರಿಯೋ ಎಂಬಂತೆ ಇಡೀ ಹಗಲು ಗರಿಕೆ ಜಗಿಯುತ್ತ ಕೂರುವವಳು.

(ಇ) ಇಲ್ಲ. ಇದ್ದದ್ದು ಒಂದೇ ಮೊಲ. ಅದರ ಹೆಸರು ಬೆಣ್ಣೆ. ಒಂದು ಮೊಲವನ್ನು ಐದು ವರ್ಗ ಮಾಡುವ ಕೆಲಸ ನನಗೆ ಸಾಕಾಗಿದೆ.

ಜೊತೆಗಿದ್ದುದರ ಹೆಸರು ದೋಸೆ. ದಾವಣಗೆರೆಯಲ್ಲಿ ಬೇರೆ ಹೆಸರಿಡುವುದು ಹೇಗೆ? ಮಗಳ ಹುಟ್ಟುಹಬ್ಬಕ್ಕೆ "ಎರಡೂ ಹೆಣ್ಣೇ ಸರ್, ಗ್ಯಾರಂಟಿ" ಎಂದು ಅಂಗಡಿಯಾತ ಕೊಟ್ಟಿದ್ದ. ದೋಸೆ ಹೆಣ್ಣಲ್ಲವೆಂಬುದು ಆ ಸೋಮವಾರ ಗೊತ್ತಾಯಿತು. ಮೊಲಕ್ಕೆ ಹಸು ಎಮ್ಮೆಯ ಹಾಗೆ ಬೆದೆಗೆ ಬರುವ ಲೆಕ್ಕವಿಲ್ಲ. ಗಂಡು ಕೂಡಿದ ಮೇಲೆಯೇ ಅಂಡ ಬಿಡುಗಡೆಯಾಗುತ್ತದೆ. ಗಬ್ಬ ಸುಮಾರು 31 ದಿನ. ಹೆತ್ತ ದಿನವೇ ಮತ್ತೆ ಗಬ್ಬ ನಿಲ್ಲಬಲ್ಲದು. ಇದನ್ನೂ ಅಂಗಡಿಯಾತ ಹೇಳಿರಲಿಲ್ಲ.

4. ಕಾಲಮಿತಿಯ ಪ್ರಶ್ನೆ: ಒಂದು ತೌಲನಿಕ ನೋಟ

ಆ ವಾರವೇ ಪಕ್ಕದ ಊರಿನಲ್ಲಿ ಎರಡು ದಿನಗಳ ರಾಷ್ಟ್ರೀಯ ವಿಚಾರ ಸಂಕಿರಣವಿತ್ತು. ಹತ್ತಕ್ಕೆಂದಿದ್ದ ಉದ್ಘಾಟನೆ ಹನ್ನೆರಡಕ್ಕೆ ಆರಂಭವಾಯಿತು. ಪ್ರಾರ್ಥನೆ, ಸ್ವಾಗತ, ದೀಪ, ಹಾರ, ಪೇಟ, ಶಾಲು, ನೆನಪಿನ ಕಾಣಿಕೆ. ಆಶಯ ಭಾಷಣ ಒಂದು ಗಂಟೆ ಹತ್ತು ನಿಮಿಷ. ಅದರ ಆಶಯವನ್ನು ನಾನು ಇನ್ನೂ ಹುಡುಕುತ್ತಿದ್ದೇನೆ. ಪ್ರಬಂಧ ಮಂಡಿಸುವವರ ಸರದಿ ಬಂದಾಗ "ಸಮಯದ ಅಭಾವದಿಂದ ತಲಾ ಐದು ನಿಮಿಷ" ಎಂದರು.

ಹೋಲಿಕೆಗಾಗಿ: ತಾಯಿ ಮೊಲ ದಿನಕ್ಕೆ ಒಂದು ಸಲ, ಹೆಚ್ಚೆಂದರೆ ಎರಡು ಸಲ, ಸಾಮಾನ್ಯವಾಗಿ ನಸುಕಿಗೋ ರಾತ್ರಿಗೋ ಗೂಡಿಗೆ ಹೋಗುತ್ತದೆ. ಮೂರರಿಂದ ಐದು ನಿಮಿಷ ನಿಲ್ಲುತ್ತದೆ. ಅಷ್ಟರಲ್ಲಿ ಎಲ್ಲ ಮರಿಗೂ ಇಡೀ ದಿನಕ್ಕೆ ಸಾಲುವಷ್ಟು ಹಾಲು ಕೊಟ್ಟು ಹೊರಬರುತ್ತದೆ. ಅದರ ಹಾಲಿನಲ್ಲಿ ಹಸುವಿನ ಹಾಲಿಗಿಂತ ಕೊಬ್ಬು, ಪ್ರೋಟೀನ್ ಎರಡೂ ಮೂರು ಪಟ್ಟು ಮೀರಿ ಇರುವುದರಿಂದ ಇದು ಸಾಧ್ಯ. ಉಳಿದ ಹೊತ್ತು ದೂರ ಇರುವುದು ಅಸಡ್ಡೆಯಿಂದಲ್ಲ. ಬಿಲದ ಪ್ರಾಣಿ ಅದು. ಗೂಡಿನ ಬಳಿ ಸುಳಿದಾಡಿದಷ್ಟೂ ವಾಸನೆ ಹಿಡಿದು ಬರುವ ಶತ್ರುವಿಗೆ ದಾರಿ ತೋರಿದಂತೆ. ಮಕ್ಕಳನ್ನು ಕಾಯಲಿಕ್ಕೆಂದೇ ಮಕ್ಕಳಿಂದ ದೂರ ಕೂತ ತಾಯಿ ಅದು.

ಐದು ನಿಮಿಷದಲ್ಲಿ ಹೇಳಬೇಕಾದ್ದನ್ನೆಲ್ಲ ಹೇಳಿ ಮುಗಿಸಿ, ಹಾರ ಹಾಕಿಸಿಕೊಳ್ಳದೆ ಎದ್ದು ಹೋದ ಇನ್ನೊಬ್ಬ ವಿದ್ವಾಂಸರನ್ನು ನಾನು ಕಂಡಿಲ್ಲ.

5. ಕ್ಷೇತ್ರಕಾರ್ಯ

ಈ ಅಧ್ಯಾಯವನ್ನು ಹಿಂದಿನವುಗಳ ಭಾಷೆಯಲ್ಲೇ ಬರೆಯಬೇಕೆಂದಿದ್ದೆ. ಆಗುತ್ತಿಲ್ಲ.

ಏಳರಲ್ಲಿ ಆರು ಗೂಡಿನಲ್ಲಿದ್ದವು. ಒಂದು ಹೊರಗೆ ಸಿಮೆಂಟು ನೆಲದ ಮೇಲೆ ಬಿದ್ದು ತಣ್ಣಗಾಗಿ, ನಿಧಾನವಾಗಿ ಬಾಯಿ ತೆರೆಯುತ್ತಿತ್ತು. ಅಂಗಡಿಯಾತನಿಗೆ ಫೋನು ಮಾಡಿದೆ. "ಬರಿಗೈಲಿ ಮುಟ್ಟಬೇಡಿ ಸರ್, ಮುಟ್ಟಿದ್ರೆ ತಾಯಿ ಸೇರಿಸಲ್ಲ, ತಿಂದುಬಿಡುತ್ತೆ" ಎಂದ. ಮುಟ್ಟಲಿಲ್ಲ. ಮಧ್ಯಾಹ್ನದೊಳಗೆ ಅದು ಹೋಯಿತು. ಅಂಗೈಯಲ್ಲಿ ಇಟ್ಟುಕೊಂಡು ಬೆಚ್ಚಗೆ ಮಾಡಿ, ಒಡಹುಟ್ಟಿದವುಗಳ ನಡುವೆ ಬಿಟ್ಟಿದ್ದರೆ ಬಹುಶಃ ಉಳಿಯುತ್ತಿತ್ತು. ಮನೆಯವರ ಕೈವಾಸನೆ ಗೊತ್ತಿರುವ ಸಾಕುಮೊಲ, ಅವರು ಮುಟ್ಟಿದರೆಂದು ಮರಿಯನ್ನು ಬಿಡುವುದಿಲ್ಲ.

ಮಂಗಳವಾರ ಬೆಳಿಗ್ಗೆ ಎದುರುಮನೆಯವರು ಬಂದು, "ಅದು ಮರೀನ ನೋಡೇ ಇಲ್ಲ, ಪಾಪ, ನೀವಾದ್ರೂ ಹಾಲು ಹಾಕಿ" ಎಂದರು. ಬಟ್ಟೆಯಲ್ಲಿ ಹಿಡಿದು ಎತ್ತಿದೆ. ಆರೂ ಮರಿಗಳ ಹೊಟ್ಟೆ ದುಂಡಗೆ, ಬಿಗಿಯಾಗಿತ್ತು. ಹೊಟ್ಟೆಯುಬ್ಬರವೆಂದುಕೊಂಡೆ. ಇಂಕು ಫಿಲ್ಲರಿನಲ್ಲಿ ಪ್ಯಾಕೆಟ್ ಹಾಲು ಬಿಟ್ಟೆ.

ತಾಯಿ ರಾತ್ರಿ ಬಂದು ಹೋಗಿದ್ದಳೆಂಬುದಕ್ಕೆ ಸಾಕ್ಷ್ಯ ನನ್ನ ಅಂಗೈಯಲ್ಲೇ ಇತ್ತು. ಓದುವುದೇ ಕಸುಬಾದವನಿಗೆ ಅದನ್ನು ಓದಲು ಬರಲಿಲ್ಲ.

ಮೊದಲು ಒಂದಕ್ಕೆ ಮೂಗಿನಿಂದ ಹಾಲು ಬಂತು, ಅದು ಹೋಯಿತು. ಉಳಿದವಕ್ಕೆ ಭೇದಿ. ಬುಧವಾರ ನಾನು ವೇದಿಕೆಯ ಮೇಲೆ 'ಕನ್ನಡ ಕಥನಗಳಲ್ಲಿ ತಾಯ್ತನ: ಸಂಕಥನ ಮತ್ತು ಪ್ರತಿರೋಧ' ಎಂಬ ಪ್ರಬಂಧ ಮಂಡಿಸುತ್ತಿದ್ದಾಗ ಹೆಂಡತಿಯ ಮೆಸೇಜು ಬಂತು: "ಇನ್ನೆರಡು ಹೋದವು." ನಾನು ಆ ಪುಟ ಮುಗಿಸಿ, 'ಒಟ್ಟಾರೆಯಾಗಿ ಹೇಳುವುದಾದರೆ' ಎಂದು ಶುರುಮಾಡಿದೆ. ಚಪ್ಪಾಳೆ ಬಂತು.

ಗುರುವಾರ ಮಗಳು ಹೇಳಿದಲ್ಲಿಗೆ ಹೋದೆವು. ಪಶುವೈದ್ಯೆ ಉಳಿದ ಮೂರು ಮರಿಗಳನ್ನು ಬರಿಗೈಯಲ್ಲಿ ಎತ್ತಿ ತಿರುಗಿಸಿ ನೋಡಿದರು. "ಫಿಲ್ಲರ್ ಬಿಸಾಕಿ ಸರ್. ಬೆಳಿಗ್ಗೆ ಹೊಟ್ಟೆ ನೋಡಿ. ದುಂಡಗಿದ್ರೆ ಕುಡಿದಿವೆ, ಸುಕ್ಕಾಗಿದ್ರೆ ಕರ್ಕೊಂಡು ಬನ್ನಿ. ತಾಯಿಗೆ ನೀರು ಜಾಸ್ತಿ ಇಡಿ. ಗಂಡು ಎಲ್ಲಿ, ಬೇರೆ ಮಾಡಿದ್ರಾ?" ಎರಡು ನಿಮಿಷವೂ ಆಗಿರಲಿಲ್ಲ. ಅವರ ಮಾತಿನಲ್ಲಿ ಕೋಶ ತೆರೆದು ಹುಡುಕಬೇಕಾದ ಪದ ಒಂದೂ ಇರಲಿಲ್ಲ.

ಸಿಟ್ಟು ಬಂದದ್ದು ಆಗ. ಅಂಗಡಿಗಳಲ್ಲಿ ಮೂರು ನಾಲ್ಕು ವಾರದ ಮರಿಗಳನ್ನು, ಚಿಕ್ಕದಿದ್ದಷ್ಟು ಮುದ್ದು ಎಂದು ತಾಯಿಯಿಂದ ಕಿತ್ತು, ತಂತಿಯ ಪಂಜರದಲ್ಲಿ ತುಂಬಿ ಮಾರುತ್ತಾರೆ. ಆ ವಯಸ್ಸಿನಲ್ಲಿ ಅವು ಇನ್ನೂ ತಾಯಿಯ ಹಾಲು ಕುಡಿಯುತ್ತ, ಹುಲ್ಲು ಅರಗಿಸುವ ಜೀವಾಣುಗಳನ್ನು ಹೊಟ್ಟೆಯಲ್ಲಿ ನೆಲೆಗೊಳಿಸಿಕೊಳ್ಳುತ್ತಿರಬೇಕು. ಅಂಥದ್ದನ್ನು ತಂದು ಮಗುವಿನ ಕೈಗಿಟ್ಟರೆ ವಾರದೊಳಗೆ ಭೇದಿಯಾಗಿ ಸಾಯುವುದುಂಟು. ಅಪ್ಪ ಇನ್ನೊಂದು ಕೊಡಿಸುತ್ತಾನೆ. ಅಂಗಡಿಯವನಿಗೆ ಅದು ಎರಡನೆಯ ವ್ಯಾಪಾರ.

ಅವನನ್ನೊಬ್ಬನನ್ನೇ ಬೈದರೆ ನನಗೆ ಸಮಾಧಾನವಾಗದು. ಅವನು ತಿಳಿಯದ್ದನ್ನು ತಿಳಿದಂತೆ ಹೇಳಿದ. ನಾವು ಸಂಬಳ ತೆಗೆದುಕೊಂಡು ಅದನ್ನೇ ಮಾಡುತ್ತೇವೆ, ಗೊತ್ತಿದ್ದದ್ದನ್ನೂ ಯಾರಿಗೂ ಗೊತ್ತಾಗದ ಹಾಗೆ ಬರೆಯುತ್ತೇವೆ. ಪರಿಪ್ರೇಕ್ಷ್ಯಕ್ಕೆ ಕನ್ನಡದಲ್ಲಿ ಕೊರತೆಯಿಲ್ಲ. ರಾತ್ರಿ ಹತ್ತು ಗಂಟೆಗೆ, ಅಂಗೈಯಲ್ಲಿ ಒಂದು ಜೀವ ಇಟ್ಟುಕೊಂಡು ಈಗೇನು ಮಾಡಲಿ ಎನ್ನುವವನಿಗೆ ಹತ್ತು ಸಾಲು ನಾನು ಹುಡುಕಿದಲ್ಲಿ ಇರಲಿಲ್ಲ.

6. ಉಪಸಂಹಾರದ ಬದಲು ಆ ಹತ್ತು ಸಾಲು

ಗಂಡನ್ನು ಹೆರಿಗೆಗೆ ಮೊದಲೇ ಬೇರೆ ಮಾಡಿ. ತಾಯಿ ಮಲಗುವಷ್ಟು ಅಗಲದ ಡಬ್ಬಿಯಲ್ಲಿ ಒಣಹುಲ್ಲು ಹಾಸಿ ಕೊಡಿ. ಕೂದಲು ಅದೇ ಹಾಕಿಕೊಳ್ಳುತ್ತದೆ. ಹೊರಗೆ ಬಿದ್ದ ಮರಿಯನ್ನು ಕೈಯಲ್ಲಿ ಬೆಚ್ಚಗೆ ಮಾಡಿ ಗೂಡಿಗೆ ಸೇರಿಸಿ. ಸತ್ತದ್ದನ್ನು ತೆಗೆಯಿರಿ. ನಮ್ಮೂರಿನ ಬೇಸಿಗೆಯಾದರೆ ಗೂಡಿನ ಮೇಲಿನ ಕೂದಲು ಸ್ವಲ್ಪ ಸರಿಸಿ, ಪಂಜರದ ಮೇಲೆ ಒದ್ದೆ ಗೋಣಿಚೀಲ ಹೊದಿಸಿ. ಮರಿಗಳು ಒಂದಕ್ಕೊಂದು ದೂರ ಮಲಗಿದ್ದರೆ ಸೆಕೆ. ತಾಯಿಯ ಮೊಲೆ ಬಿಸಿಯಾಗಿ ಗಟ್ಟಿಯಾಗಿದ್ದರೆ, ತಾಯಿ ಮೇವು ಬಿಟ್ಟಿದ್ದರೆ ಅದೇ ದಿನ ವೈದ್ಯರಲ್ಲಿಗೆ ಒಯ್ಯಿರಿ. ಮೂರನೆಯ ವಾರದಲ್ಲಿ ಮರಿಗಳು ತಾವೇ ಹೊರಬಂದು ಹುಲ್ಲಿಗೆ ಬಾಯಿ ಹಾಕುತ್ತವೆ. ಎಂಟು ವಾರ ತುಂಬುವವರೆಗೆ ಯಾರಿಗೂ ಕೊಡಬೇಡಿ.

ದಿನಾ ಬೆಳಿಗ್ಗೆ ಕೈ ತೊಳೆದುಕೊಂಡು ಮರಿಗಳ ಹೊಟ್ಟೆ ನೋಡಿ. ದುಂಡಗಿದ್ದರೆ ತಾಯಿ ಬಂದುಹೋಗಿದ್ದಾಳೆ. ಮುಚ್ಚಿ, ಅವಳಿಗೆ ನೀರಿಟ್ಟು ಬನ್ನಿ.