ರೇಡಿಯೇಟರ್ ಸಂಹಿತೆ: ಮೂಲಪಾಠ, ಪ್ರಕ್ಷೇಪ ಮತ್ತು ಗ್ಯಾಸ್ಕೆಟ್ ವಿಚಾರ

ಪೀಠಿಕೆ

ಪುಣೆಯ ಭಂಡಾರಕರ ಪ್ರಾಚ್ಯವಿದ್ಯಾ ಸಂಶೋಧನ ಸಂಸ್ಥೆಯ ವಿದ್ವಾಂಸರು 1,259 ಹಸ್ತಪ್ರತಿಗಳನ್ನು ಎದುರಿಗಿಟ್ಟುಕೊಂಡು, ದಶಕಗಟ್ಟಲೆ ಕಣ್ಣು ಸವೆಸಿ, 1966ರಲ್ಲಿ ಮಹಾಭಾರತದ ಪರಿಷ್ಕೃತ ಆವೃತ್ತಿಯನ್ನು ಮುಗಿಸಿದರು. ನಮ್ಮ ಡಿ.ಎಲ್. ನರಸಿಂಹಾಚಾರ್ಯರು ಗ್ರಂಥಸಂಪಾದನೆಯ ಮೇಲೆ ಕನ್ನಡದಲ್ಲಿ ಪುಸ್ತಕವನ್ನೇ ಬರೆದರು. ಇಷ್ಟೆಲ್ಲ ಆದರೂ ಕಾರಿನ ರೇಡಿಯೇಟರಿನೊಳಗಿರುವುದೂ ಹಲವು ಕಾಲದಲ್ಲಿ ಹಲವು ಕೈಗಳು ಸೇರಿ ರಚಿಸಿದ ಒಂದು ಕೃತಿ ಎಂಬ ಸಂಗತಿ ವಿದ್ವಲ್ಲೋಕದ ಗಮನಕ್ಕೆ ಬಾರದೆ ಉಳಿದದ್ದು ಖೇದಕರ. ಆ ಕೊರತೆಯನ್ನು ತುಂಬುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಕಾರು ಮನೆಗೆ ಬಂದು ಸೇರುವುದು ಆನುಷಂಗಿಕ.

ಆಧಾರಪ್ರತಿಯ ವಿವರ

ನಾಲ್ಕು ಸಿಲಿಂಡರಿನ ಹಳೆಯ ಪೆಟ್ರೋಲ್ ಕಾರು. ಹಲವು ಮಾಲೀಕರ ಕೈ ದಾಟಿದ್ದು. ದೊರೆತ ಸ್ಥಳ: ಶಿರಾಡಿ ಘಾಟಿಯ ಮೇಲ್ಭಾಗ, ಮಾರನಹಳ್ಳಿಯ ಹತ್ತಿರ, ರಸ್ತೆಯ ಎಡಬದಿ. ಪ್ರತಿಯ ಮುಂಭಾಗದಲ್ಲಿ ಹಬೆ. ಅಂಚುಗಳು ತುಕ್ಕು ತಿಂದಿವೆ.

ಗುಂಡ್ಯ ದಾಟಿ ಏರು ಶುರುವಾದೊಡನೆ ಉಷ್ಣತೆಯ ಮುಳ್ಳು ಮೇಲೇರತೊಡಗಿತೆಂದು ಪ್ರಯಾಣಿಕರ ಹೇಳಿಕೆಯಿಂದ ತಿಳಿದುಬರುತ್ತದೆ. ಎಸಿ ಆರಿಸಿ ಹೀಟರನ್ನು ಪೂರ್ತಿ ತಿರುಗಿಸಲಾಯಿತು. ಹೀಟರೂ ಒಂದು ಪುಟ್ಟ ರೇಡಿಯೇಟರೇ ಆದ್ದರಿಂದ ಇಂಜಿನ್ನಿನ ಶಾಖದಲ್ಲಿ ಒಂದಿಷ್ಟನ್ನು ಅದು ಹೊರಗೆ ಹಾಕುತ್ತದೆ. ಕುಳಿತವರ ಬೆವರು ಲೆಕ್ಕಕ್ಕಿಲ್ಲ. ಆದರೆ ಇಂಜಿನ್ ಕುದಿಯುತ್ತಿದ್ದರೂ ಹೀಟರಿನಿಂದ ಬಂದದ್ದು ತಣ್ಣನೆಯ ಗಾಳಿ. ಇದು ಬಹು ಮುಖ್ಯವಾದ ಅಂತರಂಗ ಪ್ರಮಾಣ. ಕೂಲೆಂಟ್ ಅಲ್ಲಿಯವರೆಗೆ ತಲುಪುತ್ತಿಲ್ಲ: ಅದು ಕಡಿಮೆಯಾಗಿರಬೇಕು, ಇಲ್ಲವೆ ಏರ್ ಲಾಕ್ ಆಗಿರಬೇಕು, ಇಲ್ಲವೆ ದಾರಿಯೇ ಕಟ್ಟಿಕೊಂಡಿರಬೇಕು.

ಮುಚ್ಚಳವನ್ನು ತಕ್ಷಣ ತೆಗೆದು ಪಾಠವನ್ನು ಓದಿಬಿಡಬೇಕೆಂಬ ಆತುರ ಎಳೆಯ ಸಂಶೋಧಕರಿಗೆ ಸಹಜ. ಇದಕ್ಕೆ ಭೌತಶಾಸ್ತ್ರದ ಪ್ರಬಲ ವಿರೋಧವಿದೆ. ಸಕಲೇಶಪುರದ ಎತ್ತರದಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ರೇಡಿಯೇಟರಿನ ಮುಚ್ಚಳ ಸುಮಾರು ಒಂದು ವಾತಾವರಣದಷ್ಟು ಒತ್ತಡವನ್ನು ಹಿಡಿದಿಟ್ಟು ಈ ಕುದಿಬಿಂದುವನ್ನು 20 ಡಿಗ್ರಿಗೂ ಹೆಚ್ಚು ಮೇಲಕ್ಕೆ ಒಯ್ಯುತ್ತದೆ. ಅಂದರೆ ಒಳಗಿರುವುದು ಕುದಿಯಬೇಕಾಗಿದ್ದು, ಒತ್ತಡಕ್ಕೆ ಹೆದರಿ ಸುಮ್ಮನಿರುವ ದ್ರವ. ಮುಚ್ಚಳ ತಿರುಗಿಸಿದ ಕ್ಷಣ ಆ ಹೆದರಿಕೆ ಹೋಗುತ್ತದೆ, ಎದುರು ನಿಂತವನ ಮುಖದ ಚರ್ಮವೂ ಹೋಗುತ್ತದೆ. ಸಕಲೇಶಪುರದಿಂದ ಬಂದ ಮೇಸ್ತ್ರಿ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನೋಡಿ, "ಬೀಡಿ ಸೇದಿ ಬರ್ತೀನಿ ಸಾರ್, ಯಾರೂ ಮುಟ್ಬೇಡಿ" ಎಂದು ಹೇಳಿ ಹೋದದ್ದನ್ನು ಈ ಹಿನ್ನೆಲೆಯಲ್ಲಿ ಅರ್ಥೈಸಬೇಕು. ಅವರು ಎರಡು ಬೀಡಿ ಸೇದಿದರು.

ಪಾಠಸ್ತರಗಳು

ಮುಚ್ಚಳ ತೆರೆದಾಗ ಕಂಡದ್ದು ಹಾಲು ಹೆಚ್ಚಾದ ಕಾಫಿಯಂಥ ಒಂದು ಗಟ್ಟಿ ದ್ರವ; ಕಾಫಿ ಸೀಮೆಯಲ್ಲೇ ಕಂಡದ್ದರಿಂದ ಅದು ಸ್ಥಳೀಯ ಪ್ರಭಾವವಿರಬಹುದೇ ಎಂಬ ಸಂದೇಹವನ್ನು ಆರಂಭದಲ್ಲೇ ಪರಿಹರಿಸಿಕೊಳ್ಳಲಾಯಿತು. ಮುಚ್ಚಳದ ಅಡಿಯಲ್ಲಿ ಬೆರಳಿನ ದಪ್ಪಕ್ಕೆ ಜಿಡ್ಡು ಮೆತ್ತಿಕೊಂಡಿತ್ತು. ಮೇಸ್ತ್ರಿ ಅದನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿ ನೋಡಿದರು: ಮೊದಲು ಜಾರಿತು, ಆಮೇಲೆ ಮರಳಿನಂತೆ ಕರಕರ ಎಂದಿತು. ಜಾರಿದ್ದು ಎಣ್ಣೆ, ಕರಕರ ಎಂದದ್ದು ತುಕ್ಕು. ಉಗುರಿನ ಸಂದಿಯಲ್ಲಿ ಉಳಿದದ್ದು ಹಳದಿ. ಒಂದೇ ಚಿಟಿಕೆಯಲ್ಲಿ ಇಷ್ಟು ಪ್ರಕ್ಷೇಪಗಳು.

ಮೂಲಪಾಠ ಏನಿತ್ತೆಂಬುದರಲ್ಲಿ ವಿವಾದವಿಲ್ಲ. ಅರ್ಧ ಎಥಿಲೀನ್ ಗ್ಲೈಕಾಲ್, ಅರ್ಧ ಡಿಸ್ಟಿಲ್ಡ್ ವಾಟರ್, ಜೊತೆಗೆ ತುಕ್ಕು ತಡೆಯುವ ಕೆಲವು ರಾಸಾಯನಿಕಗಳು. ಗ್ಲೈಕಾಲನ್ನು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ವುರ್ಟ್ಸ್ 1859ರ ಹೊತ್ತಿಗೇ ತಯಾರಿಸಿದ್ದನಾದರೂ ಕಾರುಗಳು ಬಹುಕಾಲ ಶುದ್ಧ ಜಲಪಂಥಕ್ಕೆ ಸೇರಿದ್ದವು. 1888ರಲ್ಲಿ ಬರ್ತಾ ಬೆಂಜ್, ಕಾರನ್ನು ನಿರ್ಮಿಸಿದ ಗಂಡನಿಗೆ ಹೇಳದೆ ಮಕ್ಕಳನ್ನು ಕೂರಿಸಿಕೊಂಡು ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ ಕಾರಿನಲ್ಲಿ ಹೊರಟಾಗ ದಾರಿಯುದ್ದಕ್ಕೂ ನೀರು ತುಂಬಿಸಬೇಕಾಯಿತು; ಆ ಇಂಜಿನ್ ತಣ್ಣಗಾಗುತ್ತಿದ್ದುದೇ ನೀರನ್ನು ಆವಿ ಮಾಡಿ. 1901ರ ಹೊತ್ತಿಗೆ ಇಂಜಿನಿಯರ್ ಮೇಬಾಕ್ ಮರ್ಸಿಡಿಸ್ ಕಾರಿಗೆ 8,070 ಸಣ್ಣ ಕೊಳವೆಗಳ ಜೇನುಗೂಡು ರೇಡಿಯೇಟರ್ ಕೂರಿಸಿದ ಮೇಲೆ ಈ ಖರ್ಚು ತಗ್ಗಿತು. ಆದರೆ ದಾರಿಬದಿಯಲ್ಲಿ ಸಿಕ್ಕ ನೀರನ್ನು ಸುರಿಯುವ ಬರ್ತಾ ಸಂಪ್ರದಾಯ ನಮ್ಮಲ್ಲಿ ಇಂದಿಗೂ ಜೀವಂತವಾಗಿದೆ ಎಂಬುದನ್ನು ಹೆಮ್ಮೆಯಿಂದ ದಾಖಲಿಸಬೇಕು.

ಮೊದಲ ಪ್ರಕ್ಷೇಪ ಆ ಸಂಪ್ರದಾಯದ್ದೇ: ಬೋರ್‌ವೆಲ್ ನೀರು. ಇದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳಿರುತ್ತವೆ. ಬಿಸಿಯಾದಲ್ಲೆಲ್ಲ ಅವು ಕೊಳವೆಯ ಗೋಡೆಗೆ ಬಿಳಿ ಪೊರೆಯಾಗಿ ಕೂರುತ್ತವೆ. ತುಕ್ಕು ತಡೆಯುವ ಅಂಶ ನೀರಾದಷ್ಟೂ ಇಂಜಿನ್ನಿನ ಎರಕದ ಕಬ್ಬಿಣ ಒಳಗಿಂದ ಕರಗಿ ಕೆಂಪಗೆ ಹರಿಯುತ್ತದೆ.

ಎರಡನೆಯದು ಬಣ್ಣದ ಪ್ರಕ್ಷೇಪ. ಒಬ್ಬ ಮಾಲೀಕರು ಹಸಿರು ಕೂಲೆಂಟ್ ಹಾಕಿಸಿದ್ದರು, ಮುಂದಿನವರು ಅದರ ಮೇಲೆ ಕೆಂಪನ್ನು ಸುರಿಸಿದರು. ಹಸಿರು ಹಳೆಯ ಪರಂಪರೆ, ಸಿಲಿಕೇಟ್‌ಗಳನ್ನು ನಂಬಿದ್ದು. ಕೆಂಪು ಸಾಮಾನ್ಯವಾಗಿ ಸಾವಯವ ಆಮ್ಲಗಳ ನವ್ಯಪರಂಪರೆ. 'ಸಾಮಾನ್ಯವಾಗಿ' ಎಂದದ್ದು ಏಕೆಂದರೆ ಬಣ್ಣಕ್ಕೆ ಯಾವ ಕಂಪನಿಯೂ ಬದ್ಧವಲ್ಲ. ಡಬ್ಬಿಯ ಮೇಲಿನ ಸಣ್ಣಕ್ಷರವೇ ಪ್ರಮಾಣ. ಎರಡನ್ನೂ ಬೆರೆಸಿದರೆ ಎರಡರ ರಕ್ಷಣೆಯೂ ಬೇಗ ಸೋರಿಹೋಗುತ್ತದೆ, ಕೆಲವೊಮ್ಮೆ ಲೋಳೆಯಾಗಿ ಹೆಪ್ಪುಗಟ್ಟುವುದೂ ಉಂಟು.

ಉಗುರಿನ ಹಳದಿ ಅರಿಸಿನ. ರೇಡಿಯೇಟರ್ ತೊಟ್ಟಿಕ್ಕಿದರೆ ಒಂದು ಹಿಡಿ ಅರಿಸಿನ ಪುಡಿ ಹಾಕುವುದು ನಮ್ಮ ಲಾರಿ ಚಾಲಕರಲ್ಲಿ ಬೇರೂರಿದ ಪದ್ಧತಿ. ಪುಡಿ ಹೋಗಿ ತೂತಿನಲ್ಲಿ ಸಿಕ್ಕಿಕೊಳ್ಳುತ್ತದೆ. ತೊಂದರೆಯೆಂದರೆ ಯಾವುದು ತೂತು, ಯಾವುದು ಕೊಳವೆ ಎಂಬ ವಿವೇಕ ಅರಿಸಿನಕ್ಕಿಲ್ಲ.

ಗ್ರಂಥಪಾತವೂ ಇದೆ. ಥರ್ಮೋಸ್ಟಾಟ್ ಇರಬೇಕಾದ ಜಾಗ ಖಾಲಿ. ಒಳಗಿನ ಮೇಣ 82ರಿಂದ 88 ಡಿಗ್ರಿಯಷ್ಟಕ್ಕೆ ಕರಗಿ ಹಿಗ್ಗಿ ಬಾಗಿಲು ತೆರೆಯುವ ಈ ಪುಟ್ಟ ವಸ್ತುವನ್ನು "ನಮ್ಮ ಊರಿಗೆ ಇದ್ಯಾಕೆ" ಎಂದು ಕಿತ್ತೆಸೆಯುವ ಲಿಪಿಕಾರರು ಕರ್ನಾಟಕದಾದ್ಯಂತ ಇದ್ದಾರೆ. ಅದಿಲ್ಲದಿದ್ದರೆ ಇಂಜಿನ್ ತಂಪಾಗಿರುತ್ತದೆಂಬುದು ಅವರ ನಂಬಿಕೆ. ಬೆಳಗಿನ ಹೊತ್ತು ಅತಿಯಾಗಿಯೇ ತಂಪಾಗಿದ್ದು ಪೆಟ್ರೋಲ್ ಕುಡಿಯುತ್ತದೆ, ನಿಜ. ಆದರೆ ಕೆಲವು ಇಂಜಿನ್‌ಗಳಲ್ಲಿ ಬೈಪಾಸ್ ದಾರಿಯನ್ನು ಮುಚ್ಚುವುದೂ ಅದೇ ಥರ್ಮೋಸ್ಟಾಟ್. ಅದನ್ನು ಕಿತ್ತರೆ ಬಿಸಿ ನೀರಿನ ಒಂದು ಪಾಲು ರೇಡಿಯೇಟರಿನ ಕಡೆಗೆ ಮುಖವನ್ನೇ ಹಾಕದೆ ಒಳಗೊಳಗೇ ಸುತ್ತುತ್ತಿರುತ್ತದೆ.

ಕರ್ತೃವಿಚಾರ

ಉಳಿದದ್ದು ಎಣ್ಣೆ. ಇದರ ಕರ್ತೃ ಯಾರು? ಕಾರನ್ನು ಮೇಸ್ತ್ರಿಯ ಗ್ಯಾರೇಜಿಗೆ ಎಳೆದು ತಂದ ಮೇಲೆ, ಬಸ್ ಸ್ಟ್ಯಾಂಡ್ ಎದುರಿನ ಟೀ ಅಂಗಡಿಯ ಪಂಡಿತಮಂಡಳಿ ವಾಟರ್ ಪಂಪೇ ಎಂದು ಏಕಕಂಠದಿಂದ ತೀರ್ಪಿತ್ತಿತು. ಪಂಪಿನಲ್ಲಿ ಎಣ್ಣೆ ಎಲ್ಲಿಂದ ಬಂತೆಂಬ ಪ್ರಶ್ನೆಗೆ ಉತ್ತರವಾಗಿ ಇನ್ನೊಂದು ಟೀ ತರಿಸಿತು. ಆಟೊಮ್ಯಾಟಿಕ್ ಗೇರಿನ ಕಾರುಗಳಲ್ಲಿ ಗೇರ್ ಎಣ್ಣೆ ರೇಡಿಯೇಟರಿನ ಒಳಗೇ ಹಾದುಹೋಗುವುದರಿಂದ ಅಲ್ಲಿ ಬೆರೆಯಬಹುದು. ಈ ಕಾರಿಗೆ ಕೈಗೇರು, ಆಯಿಲ್ ಕೂಲರೂ ಇಲ್ಲ. ಬಾಕಿ ಉಳಿದ ಶಂಕಿತರು ಹೆಡ್ ಗ್ಯಾಸ್ಕೆಟ್ ಮತ್ತು ಬಿರುಕು ಬಿಟ್ಟ ಹೆಡ್.

ಇಲ್ಲಿ ಒಂದು ಸೂಕ್ಷ್ಮವಿದೆ. ಡಿಪ್‌ಸ್ಟಿಕ್ ಎಳೆದರೆ ಇಂಜಿನ್ ಆಯಿಲ್ ಕರ್ರಗೆ ಸ್ವಚ್ಛವಾಗಿತ್ತು. ನೀರಿನಲ್ಲಿ ಎಣ್ಣೆಯಿದೆ, ಎಣ್ಣೆಯಲ್ಲಿ ನೀರಿಲ್ಲ. ಹಾಗಾದರೆ ಗ್ಯಾಸ್ಕೆಟ್ ನಿರಪರಾಧಿ ಎಂಬುದು ಪೂರ್ವಪಕ್ಷ. ಸಿದ್ಧಾಂತ ಬೇರೆ. ಓಡುವಾಗ ಎಣ್ಣೆಯ ಒತ್ತಡ ಸಾಮಾನ್ಯವಾಗಿ ಮೂರು ನಾಲ್ಕು ಬಾರ್, ಕೂಲೆಂಟಿನದು ಒಂದರ ಆಸುಪಾಸು. ನಡುವಿನ ಗೋಡೆ ಕುಸಿದರೆ ಜೋರಿರುವವನೇ ಇನ್ನೊಬ್ಬನ ಮನೆಗೆ ನುಗ್ಗುವುದು. ಮೇಸ್ತ್ರಿ ಇದನ್ನು "ಎಣ್ಣೆಗೆ ಪ್ರೆಷರ್ ಜಾಸ್ತಿ ಸಾರ್" ಎಂಬ ನಾಲ್ಕು ಪದಗಳ ಸೂತ್ರದಲ್ಲಿ ಅಡಗಿಸಿದ್ದರು. ಮೇಲಿನದು ಅದರ ಭಾಷ್ಯ.

ಬಹಿರಂಗ ಪ್ರಮಾಣಕ್ಕಾಗಿ ನೀಲಿ ದ್ರವದ ಪರೀಕ್ಷೆ ಮಾಡಲಾಯಿತು. ಗಾಜಿನ ನಳಿಗೆಯನ್ನು ರೇಡಿಯೇಟರಿನ ಬಾಯಿಗಿಟ್ಟು, ಇಂಜಿನ್ ಓಡಿಸಿ, ಅಲ್ಲಿನ ಗಾಳಿಯನ್ನು ದ್ರವದ ಮೂಲಕ ಎಳೆಯುವುದು. ಸಿಲಿಂಡರಿನಲ್ಲಿ ಉರಿದ ಅನಿಲ ನುಸುಳುತ್ತಿದ್ದರೆ ಅದರ ಕಾರ್ಬನ್ ಡೈಆಕ್ಸೈಡಿಗೆ ನೀಲಿ ಹಳದಿಯಾಗುತ್ತದೆ. ಆಯಿತು. ಮೇಸ್ತ್ರಿಯ ಹುಡುಗ, "ಅಣ್ಣಾ, ಇದಕ್ಕೂ ಅರಿಸಿನ ಹಾಕಿದ್ರಾ?" ಎಂದ.

ಹೆಡ್ ಬಿಚ್ಚಿದಾಗ ಎರಡನೆಯ ಮತ್ತು ಮೂರನೆಯ ಸಿಲಿಂಡರ್‌ಗಳ ನಡುವೆ ಗ್ಯಾಸ್ಕೆಟ್ ಸುಟ್ಟು ಕರಿದಾಗಿತ್ತು. ಪಕ್ಕದ ಎಣ್ಣೆಯ ದಾರಿಯವರೆಗೂ ಬಿರಿದಿತ್ತು. ಹೆಡ್ಡಿನ ಮೇಲೆ ಉಕ್ಕಿನ ನೇರಪಟ್ಟಿ ಇಟ್ಟು ಅಡಿಯಲ್ಲಿ ಫೀಲರ್ ಗೇಜ್ ತೂರಿಸಿದರು. ಇಂಥ ಹೆಡ್‌ಗಳಿಗೆ ಸಾಮಾನ್ಯವಾಗಿ ಒಪ್ಪುವ ಮಿತಿ 0.05 ಮಿಲಿಮೀಟರ್. ಅದರ ಎರಡರಷ್ಟು ದಪ್ಪದ ಎಲೆ ಸರಾಗವಾಗಿ ಹೋಯಿತು.

ಈಗ ವಿದ್ವಾಂಸರನ್ನು ಕಾಡುವ ಪ್ರಶ್ನೆ: ಗ್ಯಾಸ್ಕೆಟ್ ಹೋದದ್ದರಿಂದ ಕುದಿಯಿತೋ, ಕುದಿದದ್ದರಿಂದ ಗ್ಯಾಸ್ಕೆಟ್ ಹೋಯಿತೋ? ಪ್ರತಿಗಳ ವಂಶವೃಕ್ಷ ಬರೆದರೆ ಉತ್ತರ ಸಿಗುತ್ತದೆ. ಬೋರ್‌ವೆಲ್ ನೀರಿನ ಪೊರೆಯೂ ಅರಿಸಿನವೂ ಕೊಳವೆಗಳನ್ನು ಕಟ್ಟಿದವು. ಶಾಖ ಹೊರಹೋಗದೆ ಹೆಡ್ ಕಾದಿತು. ಹೆಡ್ ಅಲ್ಯೂಮಿನಿಯಂ, ಕೆಳಗಿನ ಬ್ಲಾಕ್ ಎರಕದ ಕಬ್ಬಿಣ. ಶಾಖಕ್ಕೆ ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಸುಮಾರು ಎರಡರಷ್ಟು ಹಿಗ್ಗುತ್ತದೆ. ಬೋಲ್ಟು ಬಿಗಿದಿದ್ದರಿಂದ ಹಿಗ್ಗಲು ಜಾಗವಿಲ್ಲದೆ ಹೆಡ್ ಬೆಂಡಾಯಿತು, ನಡುವಿನ ಗ್ಯಾಸ್ಕೆಟ್ ಸುಟ್ಟಿತು, ಎಣ್ಣೆ ನುಗ್ಗಿತು. ಅಂದರೆ ಘಾಟಿಯಲ್ಲಿ ಸಿಕ್ಕಿಬಿದ್ದ ಎಣ್ಣೆ ಕೊನೆಯ ಪ್ರಕ್ಷೇಪಕಾರ ಮಾತ್ರ. ಆದಿಕರ್ತೃ ಯಾವುದೋ ಮನೆಯ ಅಂಗಳದಲ್ಲಿ, ಪೈಪ್ ಹಿಡಿದು, ಒಳ್ಳೆಯ ಮನಸ್ಸಿನಿಂದ, "ಒಂದಿಷ್ಟು ನೀರು ಹಾಕ್ಬಿಡ್ತೀನಿ" ಎಂದವನು.

ಪಾಠಪರಿಷ್ಕರಣ

ಇಲ್ಲಿ ಪ್ರಸ್ತುತ ಸಂಪಾದಕನಿಗೂ ಮೇಸ್ತ್ರಿಗೂ ಸೈದ್ಧಾಂತಿಕ ಭಿನ್ನಾಭಿಪ್ರಾಯ ಉಂಟಾಯಿತು. ಮೊದಲು ಪಾಠವನ್ನು ತೊಳೆದು ಶುದ್ಧಗೊಳಿಸಬೇಕೆಂದು ಸಂಪಾದಕನ ವಾದ. "ಮೇಲಿಂದ ಎಣ್ಣೆ ಬೀಳ್ತಾ ಇರುವಾಗ ಕೆಳಗೆ ತೊಳೆದು ಏನು ಮಾಡ್ತೀರಾ?" ಎಂದರು ಮೇಸ್ತ್ರಿ. ಪ್ರಕ್ಷೇಪಕಾರ ಇನ್ನೂ ಬರೆಯುತ್ತಿರುವಾಗ ಶುದ್ಧಪ್ರತಿ ಎಂಬುದಿಲ್ಲ ಎಂದು ಇದನ್ನು ಶಾಸ್ತ್ರದ ಭಾಷೆಯಲ್ಲಿ ಹೇಳಬಹುದು. ಹೇಳಿಯೂ ಹೇಳಿದೆ. ಅವರು ಕೇಳಿಸಿಕೊಳ್ಳಲಿಲ್ಲ.

ಹೆಡ್ಡು ಫೇಸಿಂಗ್‌ಗೆ ಹಾಸನದ ಲೇತ್ ಅಂಗಡಿಗೆ ಹೋಗಿ, ಬಿರುಕಿಲ್ಲವೆಂದು ಖಾತರಿಯಾಗಿ, ಸಪಾಟಾಗಿ ಬಂತು. ಹೊಸ ಗ್ಯಾಸ್ಕೆಟ್ ಇಟ್ಟು, ನಡುವಿನ ಬೋಲ್ಟಿನಿಂದ ಶುರುಮಾಡಿ ಹೊರಕ್ಕೆ ಹೊರಕ್ಕೆ, ಒಂದೇ ಸಲಕ್ಕಲ್ಲದೆ ಹಂತ ಹಂತವಾಗಿ ಟಾರ್ಕ್ ರೆಂಚಿನಿಂದ ಬಿಗಿದರು. ಇಂಜಿನ್ ಆಯಿಲ್ಲೂ ಫಿಲ್ಟರೂ ಬದಲಾದವು. ಹಿತ್ತಾಳೆಯ ಹಳೆಯ ರೇಡಿಯೇಟರಾದ್ದರಿಂದ ಮೇಲಿನ ಟ್ಯಾಂಕಿನ ಬೆಸುಗೆ ಬಿಡಿಸಿ ಒಂದೊಂದೇ ಕೊಳವೆಗೆ ತೆಳು ಉಕ್ಕಿನ ಪಟ್ಟಿ ತೂರಿಸಿ ಕೆರೆದರು. ಪ್ಲಾಸ್ಟಿಕ್ ಟ್ಯಾಂಕಿನ ಈಗಿನ ರೇಡಿಯೇಟರಾಗಿದ್ದರೆ ಹೊಸದನ್ನೇ ತರಬೇಕಿತ್ತು.

ತೊಳೆಯುವ ಕೆಲಸ ಆಮೇಲೆ. ಎಣ್ಣೆಯ ಜಿಡ್ಡಿಗೆ ಬರಿ ನೀರು ಉಪಯೋಗವಿಲ್ಲ. ನೊರೆ ಕಡಿಮೆ ಬರುವ ಡಿಟರ್ಜೆಂಟ್ ಕಲಸಿದ ನೀರು ತುಂಬಿಸಿ, ಇಂಜಿನ್ ಬಿಸಿ ಮಾಡಿ, ಹೀಟರ್ ತೆರೆದಿಟ್ಟು ಸುತ್ತಿಸಿ, ಆರಿದ ಮೇಲೆ ಬಸಿಯುವುದು. ಕಾಫಿ ಬಣ್ಣ ಟೀ ಬಣ್ಣವಾಗಿ, ಗಂಜಿಯಾಗಿ, ಕೊನೆಗೆ ನೀರಾಗುವವರೆಗೆ ಇದೇ ಪಾರಾಯಣ. ರಬ್ಬರ್ ಹೋಸುಗಳು ಎಣ್ಣೆ ಕುಡಿದು ಊದಿ ಹಿಂಡಿದರೆ ಮೆತ್ತಗಾಗಿದ್ದವು. ಅವನ್ನು ಉಳಿಸಿಕೊಳ್ಳಬೇಕೆಂಬ ಜಿಪುಣತನವನ್ನು ಮೇಸ್ತ್ರಿ ಮೊಳಕೆಯಲ್ಲೇ ಚಿವುಟಿದರು. ಹೊಸ ಥರ್ಮೋಸ್ಟಾಟನ್ನು ಟೀ ಅಂಗಡಿಯವರ ಕುದಿಯುವ ನೀರಿನಲ್ಲಿ ದಾರ ಕಟ್ಟಿ ಇಳಿಬಿಟ್ಟು, ಬಾಗಿಲು ತೆರೆಯುವುದನ್ನು ಪಂಡಿತಮಂಡಳಿಗೆ ತೋರಿಸಲಾಯಿತು. ವಾಟರ್ ಪಂಪ್ ಎಂಬ ತಮ್ಮ ತೀರ್ಪನ್ನು ಅವರು ಹಿಂದಕ್ಕೆ ಪಡೆಯಲಿಲ್ಲ.

ಕೊನೆಗೆ ಒಂದೇ ಜಾತಿಯ ಕೂಲೆಂಟ್, ಡಿಸ್ಟಿಲ್ಡ್ ವಾಟರ್ ಅರ್ಧಕ್ಕರ್ಧ. ಕಾರಿನ ಮೂತಿ ಏರಿನ ಕಡೆ ಮಾಡಿ, ಮುಚ್ಚಳ ತೆರೆದು, ಗುಳ್ಳೆ ನಿಲ್ಲುವವರೆಗೆ ಓಡಿಸಿ ಏರ್ ಲಾಕ್ ತೆಗೆದರು. ಹೀಟರಿನಲ್ಲಿ ಬಿಸಿಗಾಳಿ ಬಂತು.

ಬಸಿದ ಹಳೆಯ ದ್ರವವನ್ನು ಎಲ್ಲ ಪಾಠಾಂತರಗಳ ಸಮೇತ ಒಂದು ಕ್ಯಾನಿನಲ್ಲಿ ಮುಂದಿನ ಸಂಶೋಧಕರಿಗಾಗಿ ಕಾಪಿಡುವುದು ಸಂಪಾದಕನ ಇರಾದೆಯಾಗಿತ್ತು. ಗ್ಯಾರೇಜಿನ ನಾಯಿ ಆಗಲೇ ಅದರ ಬಳಿ ಮೂಸುತ್ತಿತ್ತು. ಗ್ಲೈಕಾಲ್ ಸಿಹಿಯಾದ ವಿಷ, ನೆಕ್ಕಿದ ನಾಯಿಯ ಮೂತ್ರಪಿಂಡ ಕೆಡುತ್ತದೆ. ಚರಂಡಿಗೆ ಸುರಿಯುವ ಹಾಗೂ ಇಲ್ಲ. ಹುಡುಗ ಕ್ಯಾನಿಗೆ ಬಿರಡೆ ಬಿಗಿದು, ವಾರಕ್ಕೊಮ್ಮೆ ಬರುವ ಹಳೆ ಆಯಿಲ್ ಕೊಳ್ಳುವವರಿಗಾಗಿ ಎತ್ತಿಟ್ಟ. ಅವರು ಬಂದು, ಬಿರಡೆ ತೆಗೆದು ಮೂಸಿ, ಕಡ್ಡಿ ಅದ್ದಿ ಬೆಳಕಿಗೆ ಹಿಡಿದು ನೋಡಿ ಹೇಳಿದರು: "ಇದು ಎಣ್ಣೇನೂ ಅಲ್ಲ, ನೀರೂ ಅಲ್ಲ. ತಗೊಂಡು ಹೋಗೋಕೆ ನೀವೇ ಐವತ್ತು ರೂಪಾಯಿ ಕೊಡ್ಬೇಕಾಗುತ್ತೆ." ಮೇಸ್ತ್ರಿ ಅದನ್ನು ಬಿಲ್ಲಿಗೆ ಸೇರಿಸಿದರು.